ಷರತ್ತುಗಳಿಗೊಂದು ರಾಗ

ನಮ್ಮತ್ತೆ ಒಳಗೆ ಕಾಲಿಟ್ಟರೆ ಬ್ಯಾಂಕಿನವರಿಗೆ ದರೋಡೆಕೋರ ಬಂದದ್ದಕ್ಕಿಂತ ಹೆಚ್ಚು ಗಾಬರಿಯಾಗುತ್ತದೆ ಎಂದರೆ ನೀವು ನಂಬುವುದಿಲ್ಲ. ಯಾಕೆ ಆಗಬಾರದು ಹೇಳಿ? ದರೋಡೆಕೋರ ಮುಖ ಮುಚ್ಚಿಕೊಂಡು ಬಂದು ಐದು ನಿಮಿಷದಲ್ಲಿ ಹೊರಟುಹೋಗುತ್ತಾನೆ. ನಮ್ಮತ್ತೆ ಕನ್ನಡಕ ಹಾಕಿಕೊಂಡು ಬಂದು ಊಟದ ಹೊತ್ತಿನವರೆಗೂ ಕೂರುತ್ತಾಳೆ!

ಈಕೆ ನಮ್ಮಪ್ಪನ ತಂಗಿ. ಬ್ಯಾಂಕಿನಲ್ಲೇ ಗುಮಾಸ್ತೆಯಾಗಿದ್ದು ನಿವೃತ್ತಳಾಗಿ ಕಡೂರಿನಲ್ಲಿದ್ದಾಳೆ. ಗಮಕ ಕಲಿತವಳು. ಒಬ್ಬರು ಕಾವ್ಯವನ್ನು ರಾಗವಾಗಿ ಓದುವುದು, ಪಕ್ಕದಲ್ಲಿ ಇನ್ನೊಬ್ಬರು ಕೂತು ಅರ್ಥ ಬಿಡಿಸುವುದು, ಇದು ಗಮಕದ ಪದ್ಧತಿ. ಬೇರೆಯವರು ಹಳೆಯ ಕಾವ್ಯ ಓದುತ್ತಾರೆ. ನಮ್ಮತ್ತೆ ಓದುವುದು ಬ್ಯಾಂಕಿನ ಅರ್ಜಿಗಳ ಹಿಂಬದಿಯಲ್ಲಿ ಇರುವೆ ಸಾಲಿನಂತೆ ಅಚ್ಚಾಗಿರುವ ಷರತ್ತುಗಳನ್ನು. ಬ್ಯಾಂಕಿನಲ್ಲೇ ಕೂತು, ರಾಗವಾಗಿ, ಗಟ್ಟಿಯಾಗಿ!

"ರಾಗ ಯಾಕತ್ತೆ?" ಎಂದು ಒಮ್ಮೆ ಕೇಳಿದ್ದೆ.

"ಸುಮ್ನೆ ಓದಿದ್ರೆ ಯಾರು ಕೇಳ್ತಾರೋ? ಯಾರೂ ಕೇಳ್ಬಾರ್ದು ಅಂತ್ಲೇ ಅಲ್ವಾ ಅವ್ರು ಹಂಗೆ ಬರ್ಸಿರೋದು?"

ಒಂದು ಕೆಲಸ ಬಿಟ್ಟು ಇನ್ನೊಂದು ಹಿಡಿಯುವ ನಡುವೆ ಅತ್ತೆಯ ಮನೆಗೆ ಬಂದು ಬೀಳುವುದು ನನ್ನ ರೂಢಿ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದ ಮೇಲೆ ನನಗೊಂದು ರೋಗ ಅಂಟಿಕೊಂಡಿದೆ. ಎರಡು ಸಾಕ್ಷಿ ಇಲ್ಲದೆ ಏನನ್ನೂ ನಂಬಲಾರೆ, ಸ್ವಂತ ನೆನಪನ್ನಂತೂ ಮೊದಲೇ ನಂಬುವುದಿಲ್ಲ. ಕಡೂರಿನ ಆ ಮಧ್ಯಾಹ್ನಗಳು ಈಗ ನೀರಿನಡಿಯ ನೋಟದಂತಿವೆ. ಫ್ಯಾನು ನಿಧಾನವಾಗಿ ತಿರುಗುತ್ತಿದೆ. ಟೋಕನ್ ಹಿಡಿದವರು ತೂಕಡಿಸುತ್ತಿದ್ದಾರೆ. ಅತ್ತೆಯ ದನಿ, ಮೋಹನವೋ ಮಧ್ಯಮಾವತಿಯೋ, "ತತ್ಸಂಬಂಧಿತ ಶುಲ್ಕಗಳೂ ಸೇರಿದಂತೆ" ಎಂದು ಮೇಲೇರಿ, ಕಿಟಕಿಯಾಚೆಯ ಬಿಸಿಲಿನಲ್ಲಿ ಕರಗುತ್ತಿದೆ. ಅದು ಒಂದು ಮಧ್ಯಾಹ್ನವೋ, ಹತ್ತು ಮಧ್ಯಾಹ್ನಗಳು ಸೇರಿ ಒಂದಾದದ್ದೋ ಹೇಳಲಾರೆ.

ಕೊಬ್ಬರಿ ವ್ಯಾಪಾರಿಯೊಬ್ಬರಿಗೆ ಲಾಕರು ಬೇಕಿತ್ತು. ವಿಮೆ ಮಾಡಿಸಿದರೆ ಮಾತ್ರ ಲಾಕರು ಎಂದರಂತೆ. ಅತ್ತೆ ಲಾಕರಿನ ಕರಾರುಪತ್ರ ತರಿಸಿ ಆಲಾಪನೆ ಶುರುಮಾಡಿದಳು. ಮ್ಯಾನೇಜರು ಓಡಿಬಂದರು.

"ಮೇಡಂ, ಇದು ಬ್ಯಾಂಕು, ದೇವಸ್ಥಾನ ಅಲ್ಲ!"

"ಅದಕ್ಕೇ ಕಣ್ರೀ, ಚಪ್ಪಲಿ ಹಾಕ್ಕೊಂಡೇ ಓದ್ತಿದೀನಿ."

ಹದಿನೇಳು ಪುಟ ಮುಗಿಸಿ ತಲೆಯೆತ್ತಿದಳು. "ವಿಮೆ ಸುದ್ದಿ ಎಲ್ಲೂ ಬರ್ಲಿಲ್ವಲ್ಲಾ. ಕಣ್ತಪ್ಪಿತೋ ಏನೋ, ಇನ್ನೊಂದ್ಸಲ ಓದ್ಲಾ?"

"ಬೇಡ ಮೇಡಂ! ಲಾಕರ್ ಕೊಡ್ತೀವಿ!"

ತರೀಕೆರೆಯ ಒಂದು ಶಾಖೆಯವರು ಜಾಣರು. ಗ್ರಾಹಕರು ಕೂರುವ ಬೆಂಚನ್ನೇ ತೆಗೆಸಿಬಿಟ್ಟರು. ಮರುದಿನ ಅತ್ತೆ ಮಡಚುವ ಕುರ್ಚಿ ಹಿಡಿದು ಬಸ್ಸು ಹತ್ತಿದಳು. ಕಂಡಕ್ಟರು ಕುರ್ಚಿಗೆ ಲಗೇಜ್ ಟಿಕೆಟ್ ತಗೊಳ್ಳಿ ಎಂದ. "ಹೆಂಗಸ್ರಿಗೆ ಫ್ರೀ ಬಸ್ಸು. ನಂಗಿಲ್ದಿರೋ ಟಿಕೆಟ್ಟು ನನ್ ಕುರ್ಚಿಗ್ಯಾಕಪ್ಪಾ?" ಎಂದಳು. ಕೊನೆಗೆ ಅವತ್ತು ನಮ್ಮ ಪೈಕಿ ದುಡ್ಡು ಕೊಟ್ಟು ಪ್ರಯಾಣ ಮಾಡಿದವರು ಇಬ್ಬರೇ: ನಾನು ಮತ್ತು ಕುರ್ಚಿ!

ಅಜ್ಜಂಪುರದ ಸಂಗತಿ ಮಾತ್ರ ಇಷ್ಟು ಹಗುರವಾಗಿರಲಿಲ್ಲ. ಅಲ್ಲಿ ಶಾಲೆಯ ಬಿಸಿಯೂಟ ಬೇಯಿಸುವ ಹಾಲಮ್ಮ ಅತ್ತೆಗೆ ಹಳೆಯ ಪರಿಚಯ. ಮೊಣಕಾಲಿನ ಆಪರೇಷನ್ನಿಗೆಂದು ಕೂಡಿಟ್ಟದ್ದನ್ನು ಒಂದು ವರ್ಷ ಠೇವಣಿ ಇಡಲು ಬ್ಯಾಂಕಿಗೆ ಹೋಗಿದ್ದಳು. ಅಲ್ಲಿನ ಎಳೆ ವಯಸ್ಸಿನ ಆಫೀಸರು ನಾಲ್ಕು ಕಡೆ ಸಹಿ ಹಾಕಿಸಿದ್ದ. ಆಮೇಲೆ ಅಂಚೆಯಲ್ಲಿ ಹೊಳೆಯುವ ಫೈಲೊಂದು ಬಂತು, ಮೇಲೆ ನಗುವ ಸಂಸಾರದ ಚಿತ್ರ. ಹಾಲಮ್ಮ ಅದರ ಪ್ರತಿ ಹಾಳೆಯ ಮೂಲೆಗೂ ಅರಿಶಿನ ಹಚ್ಚಿ ದೇವರ ಗೂಡಿನಲ್ಲಿಟ್ಟಿದ್ದಳು.

ನೆಂಟರ ಸೀಮಂತಕ್ಕೆಂದು ಅಜ್ಜಂಪುರಕ್ಕೆ ಹೋದ ನಾವು ಹಾಲಮ್ಮನನ್ನೂ ನೋಡಿಕೊಂಡು ಬರೋಣವೆಂದು ಹೋದೆವು. ಅತ್ತೆಯ ಕಣ್ಣು ಫೈಲಿನ ಮೇಲೆ ಬಿತ್ತು. ಅದು ಠೇವಣಿಯೇ ಅಲ್ಲ, ವಿಮೆ! ಹತ್ತು ವರ್ಷ, ವರ್ಷವರ್ಷವೂ ಅಷ್ಟೇ ಕಟ್ಟಬೇಕು. ನಿಲ್ಲಿಸಿದರೆ ಕಟ್ಟಿದ್ದೂ ಕೈಗೆ ಬರುವುದಿಲ್ಲ. ಕೊನೆಯ ಹಾಳೆಯ ಅರಿಶಿನವನ್ನು ಅತ್ತೆ ಉಗುರಿನಿಂದ ಕೆರೆದಾಗ ಒಂದು ಸಾಲು ಕಂಡಿತು: ಪತ್ರ ಕೈಸೇರಿದ ಮೂವತ್ತು ದಿನದೊಳಗೆ ಬೇಡವೆಂದು ಹಿಂತಿರುಗಿಸಬಹುದು.

"ಇದು ಯಾವತ್ತು ಬಂತೇ ಹಾಲಮ್ಮ?"

"ಹೋದ್ ತಿಂಗ್ಳು ಅಮಾಸೆ ಮಾರ್ನೇ ದಿನ ಕಣ್ರವ್ವಾ."

ಅತ್ತೆ ಗೋಡೆಯ ಕ್ಯಾಲೆಂಡರು ನೋಡಿದಳು. ಹಿಂದಿನ ದಿನವಷ್ಟೇ ಈ ತಿಂಗಳ ಅಮಾವಾಸ್ಯೆ ಮುಗಿದಿತ್ತು! ಉಳಿದದ್ದು ಅವತ್ತೊಂದೇ ದಿನ, ಅದರಲ್ಲೂ ಬ್ಯಾಂಕು ಮುಚ್ಚಲು ಎರಡೇ ಗಂಟೆ. ಸೀಮಂತದ ಊಟ ಅಲ್ಲಿಗೇ ಬಿಟ್ಟು ಹೊರಟೆವು. ಹಾಲಮ್ಮ ಕುಂಟುತ್ತಾ ಹಿಂದೆ ಬಂದಳು.

"ಸರ್ವರ್ ಡೌನ್ ಇದೆ ಮೇಡಂ, ನಾಳೆ ಬನ್ನಿ," ಎಂದ ಆ ಆಫೀಸರು.

"ಸರ್ವರ್ ಮಲಗ್ಲಿ ಪಾಪ. ನಿನ್ ಸೀಲು ಎದ್ದಿದ್ಯಲ್ಲ? ತಗೊಂಡೆ ಅಂತ ಒತ್ತಿ ಕೊಡು."

"ಮೇಲಿನವ್ರನ್ನ ಕೇಳ್ಬೇಕು ಮೇಡಂ."

"ಕೇಳು. ಅಲ್ಲೀವರ್ಗೂ ನಾವ್ ಇಲ್ಲೇ ಇರ್ತೀವಿ," ಎಂದು ಅತ್ತೆ ಬೆಂಚಿನ ಮೇಲೆ ಕೂತು ಫೈಲು ಬಿಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಲೇ, ನೀನು ಅರ್ಥ ಹೇಳೋ," ಎಂದುಬಿಟ್ಟಳು!

ಮನೆಯಲ್ಲಿ ದೇವರ ನಾಮ ಹೇಳಲೂ ನಾಚುವವನು ನಾನು. ಬ್ಯಾಂಕಿನ ನಡುವೆ ನಿಂತು ಏನು ಹೇಳಲಿ? ಅತ್ತೆ ಒಂದು ಷರತ್ತು ಹಾಡಿ ನಿಲ್ಲಿಸುವಳು. ನಾನು, "ಅಂದ್ರೆ, ಮುಂದಿನ್ ವರ್ಷ ಕಟ್ಲಿಲ್ಲ ಅಂದ್ರೆ ಈ ವರ್ಷದ್ದೂ ಹೋಯ್ತು," ಎನ್ನುವೆ. ಜನ ಸುತ್ತ ಸೇರಿದರು. ಒಬ್ಬರು ತಲೆದೂಗಿದರು ಎಂದು ನೆನಪು, ಇದಕ್ಕೆ ಎರಡನೇ ಸಾಕ್ಷಿ ಇಲ್ಲ. ಮೂರನೇ ಪುಟಕ್ಕೆ ಬಾಗಿಲಲ್ಲಿದ್ದ ಕಾವಲುಗಾರ ಕೋವಿ ಗೋಡೆಗೊರಗಿಸಿ ಬಂದ. "ಅಮ್ಮಾ, ಅದೇ ಫೋಟೋ ಇರೋ ಫೈಲು ನಂಗೂ ಕೊಟ್ಟವ್ರೆ. ನಂದೂ ವಸಿ ಓದಿ!"

ಆಫೀಸರ ಮುಖ ಬಿಳಿಚಿಕೊಂಡಿತು. ಬಗ್ಗಿ ಮೆಲ್ಲಗೆ, "ಟಾರ್ಗೆಟ್ ಮೇಡಂ. ತಿಂಗ್ಳಿಗಿಷ್ಟು ಅಂತ ತಲೆ ಮೇಲೆ ಕೂತಿರ್ತಾರೆ. ಅರ್ಜಿ ಬರ್ಕೊಡಿ, ಸೀಲ್ ಹಾಕ್ತೀನಿ," ಎಂದ.

ಅತ್ತೆ ಅರ್ಜಿ ಬರೆದಳು. ಬರೆದು, ಹಾಲಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಓದ್ತೀನಿ ಕೇಳು, ಆಮೇಲ್ ಸಹಿ ಹಾಕು," ಎಂದಳು.

ಹಾಲಮ್ಮ ನಕ್ಕಳು. "ನೀವ್ ಬರ್ದ್ ಮ್ಯಾಲೆ ಇನ್ನೇನ್ರವ್ವಾ ಕೇಳಾದು? ಎಲ್ಲಿ ಹಾಕ್ಲಿ, ತೋರ್ಸಿ."

ಅತ್ತೆಯ ಬೆರಳು ಹಾಳೆಯ ಮೇಲೆ ನಿಂತುಹೋಯಿತು. ಆಮೇಲೆ ಆ ಆರು ಸಾಲಿನ ಅರ್ಜಿಯನ್ನು ಎರಡು ಸಲ ಓದಿದಳು, ರಾಗವಿಲ್ಲದೆ, ಹಾಲಮ್ಮ ಒಬ್ಬಳಿಗೇ ಕೇಳುವಷ್ಟು ಮೆಲ್ಲಗೆ. ಸಹಿಯಾಯಿತು, ಸೀಲು ಬಿತ್ತು. ಹಾಲಮ್ಮ ಆಫೀಸರಿಗೆ, "ಊಟ ಮಾಡ್ದೇನಪ್ಪಾ? ಮಕ ಬಾಡೈತೆ," ಎಂದು ವಿಚಾರಿಸಿಕೊಂಡೇ ಹೊರಟಳು. ದುಡ್ಡು, ಒಂದಿಷ್ಟು ಮುರಿದುಕೊಂಡು, ಕೆಲವು ವಾರಗಳ ಮೇಲೆ ಬಂತು.

ಅವತ್ತು ಸಂಜೆ ಕಡೂರಿನ ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತಳು. ಪಡುವಣದ ಬೆಟ್ಟಗಳು ನೀಲಿಯಾಗಿ, ಆಮೇಲೆ ಬರೀ ಗೆರೆಯಾಗಿ ನಮ್ಮ ಜೊತೆಗೇ ತೇಲಿ ಬರುತ್ತಿದ್ದವು. ಬೀರೂರು ದಾಟಿದ ಮೇಲೆ ಕಿಟಕಿಗೆ ಹೇಳುವಂತೆ ಹೇಳಿದಳು.

"ನಿಮ್ಮಮ್ಮನೂ ಹಿಂಗೇ ಅಂದಿದ್ಲು ಕಣೋ."

"ಏನಂತ?"

"'ನೀನೇ ತಂದಿದೀಯ, ಇನ್ನೇನು ಓದೋದು' ಅಂತ. ನನ್ ಸರ್ವೀಸಿನ ಕೊನೇ ವರ್ಷ, ನಂಗೂ ಟಾರ್ಗೆಟ್ ಕೊಟ್ಟಿದ್ರು. ಹೊರಗಿನವ್ರ ಹತ್ರ ಕೇಳೋಕೆ ನಾಚಿಕೆ. ಇಂಥದ್ದೇ ವಿಮೆ ಹಿಡ್ಕೊಂಡು ಅತ್ತಿಗೆ ಹತ್ರ ಹೋದೆ. ನಾನೂ ಓದಿರ್ಲಿಲ್ಲ ಕಣೋ. ಎರಡು ಕಂತು ಕಟ್ಟಿದ್ಲು, ಆಮೇಲ್ ಆಗ್ಲಿಲ್ಲ. ಎಲ್ಲಾ ಹೋಯ್ತು. ಸಾಯೋವರ್ಗೂ ಒಂದ್ ಮಾತು ಕೇಳ್ಲಿಲ್ಲ ಅವ್ಳು."

ಅತ್ತೆ ಕಿಟಕಿ ಬಿಟ್ಟು ನನ್ನ ಕಡೆ ತಿರುಗಿದಳು.

"ಸಹಿ ಹಾಕೋವಾಗ ನೀನೂ ಇದ್ದೆ, ಅಡುಗೆಮನೆ ಬಾಗಿಲ ಹತ್ರ. ನಾನು ಕಾಗದಾನೇ ನೋಡ್ತಿದ್ದೆ, ಅವಳ ಮುಖ ನೋಡ್ಲಿಲ್ಲ. ನಗ್ತಾ ಹಾಕಿದ್ಲಾ, ಇಲ್ಲಾ ದಾಕ್ಷಿಣ್ಯಕ್ಕೆ ಹಾಕಿದ್ಲಾ? ನಿಂಗೆ ನೆನಪಿದ್ಯೇನೋ?"

ಎಷ್ಟು ಹುಡುಕಿದರೂ ನನಗೆ ಕಂಡದ್ದು ಅಮ್ಮನ ಒದ್ದೆ ಕೈ, ಅದನ್ನು ಸೆರಗಿಗೆ ಒರೆಸಿಕೊಂಡು ಪೆನ್ನು ಹಿಡಿದದ್ದು. ಅದೂ ಅವತ್ತಿನದೋ, ಬೇರೆ ಯಾವತ್ತಿನದೋ. ಮುಖ ಕಾಣಲೇ ಇಲ್ಲ.

"ನಗ್ತಾ ಹಾಕಿದ್ಲು ಅತ್ತೆ," ಎಂದೆ. "ಚೆನ್ನಾಗಿ ನೆನಪಿದೆ."