ಹನ್ನೊಂದು ಜನಕ್ಕೊಂದು ಕೋಣೆ

ಎಲ್ಲ ಸಂಘಗಳನ್ನೂ ಶತ್ರುಗಳು ಕಾಡುತ್ತಾರೆ. ನಮ್ಮ ಸಂಘವನ್ನು ಕಾಡಿದವರೆಲ್ಲ ನಮ್ಮ ಮೇಲೆ ಭಾರೀ ಗೌರವ ಇಟ್ಟುಕೊಂಡಿದ್ದ ಸಜ್ಜನರು. ಇಂಥ ಸಜ್ಜನರು ನನಗೆ ಎರಡು ತಿಂಗಳಿಗೊಬ್ಬರಾದರೂ ಗಂಟುಬೀಳುತ್ತಲೇ ಇರುತ್ತಾರೆ. ಅವರನ್ನು ನೆನೆಸಿಕೊಂಡರೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ನಗು ಬರುತ್ತದೆ, ಅದಾದಮೇಲೆ ಮತ್ತೆ ಸಿಟ್ಟೇ ಬರುತ್ತದೆ.

ನಾನು ದಾವಣಗೆರೆಯವನು, ಬ್ಯಾಂಕ್ ಆಫೀಸರು. ವರ್ಗವಾಗಿ ವಿಶಾಖಪಟ್ಟಣದ ಗಾಜುವಾಕ ಶಾಖೆಗೆ ಬಂದು ನಾಲ್ಕು ವರ್ಷವಾಯಿತು. ವಯಸ್ಸು ನಲವತ್ತೊಂದು, ಮದುವೆಯಾಗಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ ಜಾತಕ ಕೂಡಿಬರಲಿಲ್ಲ ಎನ್ನುತ್ತೇನೆ. ಅದು ಸುಳ್ಳಲ್ಲ. ಕೂಡಿಬಂದದ್ದು ಒಂದೇ ಜಾತಕ, ಅದು ಗಂಡಸಿನದು.

ಗಂಡಸನ್ನು ಮೆಚ್ಚುವ ಗಂಡಸರು, ಹೆಂಗಸನ್ನು ಮೆಚ್ಚುವ ಹೆಂಗಸರು, ಜೊತೆಗೆ ನಾವು ಮಂಗಳಮುಖಿ ಎನ್ನುತ್ತೇವಲ್ಲ, ಅಂಥ ಒಬ್ಬ ಹಿರಿಯಕ್ಕ ಸೇರಿ ವಿಶಾಖಪಟ್ಟಣದಲ್ಲಿ ಏಳು ಜನ, ವಿಜಯವಾಡದಲ್ಲಿ ನಾಲ್ಕು ಜನ ಒಂದು ಸಂಘ ಕಟ್ಟಿಕೊಂಡೆವು. ಬ್ಯಾಂಕಿನವನು ಚೆನ್ನಾಗಿ ಬರೆಯುತ್ತಾನೆ ಎಂದು ನನ್ನನ್ನು ಕಾರ್ಯದರ್ಶಿ ಮಾಡಿದರು. ಕಾನೂನು ಬದಲಾಗಿದೆ ಎಂದು ಪೇಪರಿನಲ್ಲಿ ಓದಿದ್ದೆವು. ಮನೆ ಮಾಲೀಕರು, ಆಫೀಸು, ಆಸ್ಪತ್ರೆ ಯಾವುದೂ ಆ ಪೇಪರ್ ಓದಿದಂತಿರಲಿಲ್ಲ. ಅದನ್ನೆಲ್ಲ ಕೂತು ಮಾತಾಡಲು, ಅರ್ಜಿ ಬರೆಯಲು ತಿಂಗಳಿಗೊಂದು ಭಾನುವಾರ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಬೇಕಿತ್ತು. ನಮ್ಮ ಹೋರಾಟವೆಲ್ಲ ಆ ಕೋಣೆಗಾಗಿಯೇ ಆಯಿತು. ಸಮಾನತೆಯ ಹತ್ತಿರ ನಾವಿನ್ನೂ ಹೋಗಿಯೇ ಇಲ್ಲ.

ಶುರುವಿನಲ್ಲಿ ಇನ್ನೂ ಮೂವರು ಸೇರಿ ಹದಿನಾಲ್ಕು ಜನ ಇದ್ದೆವು. ಕೋಣೆ ಸಿಗದ ಮೊದಲ ಮೂರು ತಿಂಗಳಲ್ಲಿ ಆ ಮೂವರೂ, ಮನೆಯವರು ತೋರಿಸಿದ ಹೆಣ್ಣನ್ನು ಮದುವೆಯಾಗಿಬಿಟ್ಟರು. ಒಂಟಿಯಾಗಿ ನಿಂತು ಅಮ್ಮನನ್ನು ಎದುರಿಸುವುದು ಯಾರಿಗೂ ಸುಲಭವಲ್ಲ. ಕೋಣೆ ಸಿಗಲಿಲ್ಲ ಅಂದರೆ ನಾಲ್ಕನೆಯವನು ಯಾರು ಎಂದು ನಾವು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೆವು.

ಇಲ್ಲಿ ಮಾತೆಲ್ಲ ನಡೆದದ್ದು ತೆಲುಗಿನಲ್ಲಿ. ನಾನು ಕನ್ನಡ ಮಾಡಿ ಹೇಳುತ್ತಿದ್ದೇನೆ. ನಮ್ಮ ‘ರೀ’ಗೆ ಅವರು ‘ಅಂಡಿ’ ಎನ್ನುತ್ತಾರೆ, ಅದನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ.

೧. ಬಲು ಮರ್ಯಾದಸ್ಥರು

ಮೊದಲ ಕೋಣೆ ಗಾಜುವಾಕದಲ್ಲೇ ಸಿಕ್ಕಿತು, ಒಂದು ಮನೆಯ ಮೂರನೇ ಮಹಡಿಯಲ್ಲಿ. ನಮ್ಮಲ್ಲಿ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ಇಬ್ಬರಿದ್ದಾರೆ, ಎಂಟು ವರ್ಷದ ಜೋಡಿ. ಅವರೇ ಬಾಡಿಗೆಗೆ ಹಿಡಿದರು. ಮಾಲೀಕರು ಹಾಕಿದ್ದು ಒಂದೇ ಷರತ್ತು: “ಹೆಣ್ಣುಮಕ್ಕಳು ಮೆಟ್ಟಿಲು ಹತ್ತಬಾರದು.” ಅವರಿಬ್ಬರೂ ಅಷ್ಟು ಮನಸಾರೆ ಇನ್ಯಾವ ಮಾತನ್ನೂ ಕೊಟ್ಟಿರಲಿಕ್ಕಿಲ್ಲ.

ಐದು ತಿಂಗಳು ಗಂಡಸರು ಮಾತ್ರ ಸೇರಿದೆವು. ಹೆಂಗಸರೂ ಅಕ್ಕನೂ ವಿಜಯವಾಡದಲ್ಲೇ ಬೇರೆ ಕೂರುತ್ತಿದ್ದರು. ಮಾಲೀಕರಿಗೆ ನಮ್ಮನ್ನು ಕಂಡರೆ ಪ್ರಾಣ. ಒಂದು ದಿನ ನನ್ನ ಕೈ ಹಿಡಿದುಕೊಂಡು, “ಏನು ಮನುಷ್ಯರು ಅಂಡಿ! ಒಂದು ಹೆಣ್ಣಿನ ಕಡೆ ಕಣ್ಣೆತ್ತಿ ನೋಡಲ್ಲ. ಇವರನ್ನ ನೋಡಿ ಕಲಿ, ಇವರ ಹಾಗೇ ಆಗು ಅಂತ ನನ್ನ ಮಗನಿಗೆ ದಿನಾ ಹೇಳ್ತೀನಿ” ಎಂದರು.

“ಹಾಗೆಲ್ಲ ಹೇಳಬೇಡಿ ಸಾರ್” ಎಂದೆ.

“ವಿನಯ ನೋಡಿ ವಿನಯ!” ಎಂದರು.

ಆರನೇ ತಿಂಗಳು ವಿಜಯವಾಡದಿಂದ ನಮ್ಮ ನರ್ಸ್ ಬಂದಳು. ಅವಳು ಇನ್ನೊಬ್ಬ ಹೆಂಗಸಿನ ಜೊತೆ ಒಂಬತ್ತು ವರ್ಷದಿಂದ ಸಂಸಾರ ಮಾಡುತ್ತಿರುವವಳು. ಅವಳು ಮೆಟ್ಟಿಲು ಹತ್ತಿದ ಐದು ನಿಮಿಷಕ್ಕೆ ಮಾಲೀಕರೂ ಹತ್ತಿ ಬಂದರು. ಮುಚ್ಚಿದ ಬಾಗಿಲ ಹಿಂದೆ ಆರು ಗಂಡಸರು, ಒಂದು ಹೆಣ್ಣು! ವಾರದೊಳಗೆ ಖಾಲಿ ಮಾಡಿ ಎಂದರು. ನರ್ಸಿನ ಕಡೆ ತಿರುಗಿ, “ನಿಮ್ಮಂಥವರಿಂದಲೇ ಒಳ್ಳೊಳ್ಳೇ ಗಂಡಸರು ಕೆಡೋದು” ಎಂದು ಬೈದು ಇಳಿದುಹೋದರು.

ನರ್ಸ್ ನನ್ನನ್ನು ಕೇಳಿದಳು. “ನಾನು ಗಂಡಸರನ್ನ ಕೆಡಿಸ್ತೀನಿ ಅಂತ ಇದುವರೆಗೆ ಯಾರೂ ಹೇಳಿರಲಿಲ್ಲ. ಅಮ್ಮನಿಗೆ ಫೋನ್ ಮಾಡಿ ಹೇಳ್ಲಾ? ತುಂಬಾ ಸಂತೋಷಪಡ್ತಾಳೆ.”

೨. ಯಾವ ಲಿಂಗ?

ಎರಡನೆಯದು ವಿಶಾಖಪಟ್ಟಣದಲ್ಲೇ ಒಂದು ಸಣ್ಣ ಹಾಲ್. ಅರ್ಜಿಯಲ್ಲಿ ನಾನು ಸಂಘದ ಹೆಸರನ್ನು ‘ಲಿಂಗ ಸಮಾನತ್ವ ಸಂಘಂ’ ಎಂದು ಬರೆದೆ. ಪುಲ್ಲಿಂಗ, ಸ್ತ್ರೀಲಿಂಗ ಎಂದು ವ್ಯಾಕರಣ ಓದಿದವರಿಗೆ ಅದರ ಅರ್ಥವಾಗುತ್ತದೆ. ಆದರೆ ಹಾಲಿನ ಟ್ರಸ್ಟಿ ಪರಮ ಶಿವಭಕ್ತರು.

“ಯಾವ ಊರು?”

“ದಾವಣಗೆರೆ.”

“ಕರ್ನಾಟಕ! ಹೆಸರು?”

ಹೇಳಿದೆ. ಹೆಸರಿನ ಕೊನೆಗೆ ‘ಅಪ್ಪ’ ಇದೆ. ಅವರಿಗೆ ಎಲ್ಲವೂ ಅರ್ಥವಾಯಿತು. “ಲಿಂಗದ ಮುಂದೆ ಎಲ್ಲರೂ ಸಮಾನರು. ಎಷ್ಟು ದೊಡ್ಡ ಮಾತು ಅಂಡಿ!” ಎಂದು ಕೈಮುಗಿದರು. ನಾನು ಹುಟ್ಟಿದ್ದು ಲಿಂಗಾಯತರ ಮನೆಯಲ್ಲೇ. ಆ ಮಾತು ನಮ್ಮ ಮನೆಯಲ್ಲೂ ನಿಜವೇ. ಅದಕ್ಕೇ ತಲೆಯಾಡಿಸಿದೆ. ಕೋಣೆ ಬೇಕಾದವನು ತಲೆಯಾಡಿಸದೆ ಏನು ಮಾಡುತ್ತಾನೆ?

ಭಾನುವಾರ ಹೋದರೆ ಬಾಗಿಲಿಗೆ ಮಾವಿನ ತೋರಣ, ಒಳಗೆ ಚಾಪೆ, ಬಾಳೆಹಣ್ಣು, ತಟ್ಟೆಯಲ್ಲಿ ವಿಭೂತಿ. ನಮ್ಮ ಅಕ್ಕ ಆರಡಿ ಎತ್ತರ, ಹಣೆ ತುಂಬ ಕುಂಕುಮ. ಟ್ರಸ್ಟಿ ಅವಳನ್ನು ಕಂಡು, “ಮಠದಿಂದ ಬಂದಿರಾ ಅಮ್ಮಾ?” ಎಂದು ಕಾಲಿಗೆ ಬಿದ್ದರು. ಆಶೀರ್ವಾದ ಮಾಡುವುದು ಅಕ್ಕನ ನಲವತ್ತು ವರ್ಷದ ಕಸುಬು. ಚೊಕ್ಕವಾಗಿ ಮಾಡಿದಳು.

ಆಮೇಲೆ ಟ್ರಸ್ಟಿ ವಿಭೂತಿ ಹಿಡಿದುಕೊಂಡು ನಮ್ಮ ಇಂಜಿನಿಯರ್ ಬಳಿ ಬಂದರು. ಅವನು ತುಮಕೂರಿನವನು, ಮಧುರವಾಡದ ಐಟಿ ಕಂಪನಿಗೆ ಬಂದು ವರ್ಷವಾಗಿದ್ದರೂ ತೆಲುಗು ಅಷ್ಟಕ್ಕಷ್ಟೆ. “ಬಾಬು, ಕೊರಳಲ್ಲಿ ಕಾಣ್ತಾ ಇಲ್ಲವಲ್ಲ, ನಿಮ್ಮದು ಯಾವ ಲಿಂಗ?” ಎಂದರು. ಅವನಿಗೆ ತಿಳಿದದ್ದು ‘ಯಾವ ಲಿಂಗ’ ಎಂಬುದಷ್ಟೇ. ಹುಟ್ಟಿದಾರಭ್ಯ ಯಾರೂ ಇಷ್ಟು ಪ್ರೀತಿಯಿಂದ ಅದನ್ನು ಕೇಳಿರಲಿಲ್ಲವಂತೆ, ಕಣ್ಣಲ್ಲಿ ನೀರು ತಂದುಕೊಂಡ.

“ಸಾರ್, ಅದು ಅವರವರಿಗೆ ಬಿಟ್ಟದ್ದು. ಅವರವರ ಇಷ್ಟದ ಲಿಂಗ!”

“ಇಷ್ಟಲಿಂಗ! ಭೇಷ್!” ಎಂದರು ಟ್ರಸ್ಟಿ.

ಅಲ್ಲಿಗೆ ನಿಲ್ಲಿಸಿದ್ದರೆ ಇವತ್ತಿಗೂ ಆ ಹಾಲ್ ನಮ್ಮದಾಗಿರುತ್ತಿತ್ತು. ಅವನು ತನ್ನ ಹರುಕು ತೆಲುಗಿನಲ್ಲೇ ಮುಂದುವರಿಸಿದ: “ಹುಟ್ಟಿದಾಗ ಕೊಟ್ಟಿದ್ದನ್ನೇ ಕೊನೇವರೆಗೂ ಇಟ್ಕೋಬೇಕು ಅಂತೇನಿಲ್ಲ ಸಾರ್. ಬೇಕಾದವರು ದೊಡ್ಡವರಾದ ಮೇಲೆ ಬದಲಾಯಿಸ್ಕೋಬಹುದು. ಈಗ ಆಸ್ಪತ್ರೆಯಲ್ಲೇ ಮಾಡ್ತಾರೆ.”

ವಿಭೂತಿಯ ಕೈ ಅಲ್ಲೇ ನಿಂತಿತು. ಹತ್ತು ನಿಮಿಷದಲ್ಲಿ ನಾವು ರಸ್ತೆಯಲ್ಲಿದ್ದೆವು. ಚಾಪೆ ಸುತ್ತಿಟ್ಟರು, ಬಾಳೆಹಣ್ಣು ವಾಪಸು ಇಸಿದುಕೊಂಡರು. ಅಕ್ಕನ ಆಶೀರ್ವಾದ ಮಾತ್ರ ವಾಪಸು ಕೊಡಲಿಲ್ಲ.

೩. ರಕ್ತದಾನ

ಮೊದಲು ಒಳ್ಳೆಯ ಹೆಸರು ಸಂಪಾದಿಸೋಣ, ಕೋಣೆ ತಾನಾಗಿ ಬರುತ್ತದೆ ಎಂದಳು ನರ್ಸ್. ವಿಜಯವಾಡದ ಒಂದು ಕಾಲೊನಿಯಲ್ಲಿ ಅಸೋಸಿಯೇಷನ್ನಿನವರ ಹಾಲಿನಲ್ಲಿ ರಕ್ತದಾನ ಶಿಬಿರ ಇಟ್ಟೆವು. ಶಿಬಿರ ಚೆನ್ನಾಗಿ ನಡೆದರೆ ತಿಂಗಳಿಗೊಂದು ಭಾನುವಾರ ಹಾಲ್ ಕೊಡುವುದಾಗಿ ಅಧ್ಯಕ್ಷರು ಮಾತು ಕೊಟ್ಟರು.

ಬೆಳಿಗ್ಗೆ ಫಾರ್ಮ್ ಕೈಗೆ ಬಂತು. ಗಂಡಸಿನ ಜೊತೆ ಮಲಗುವ ಗಂಡಸರು ರಕ್ತ ಕೊಡುವಂತಿಲ್ಲ. ಅಕ್ಕನಂಥವರೂ ಕೊಡುವಂತಿಲ್ಲ. ನಿಯಮ. ನಾವೆಲ್ಲ ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಮಾಡಿಸಿಕೊಂಡು ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವವರು. ಆ ಕಾಲೊನಿಯ ಗಂಡಸರಲ್ಲಿ ಒಬ್ಬರಾದರೂ ಪರೀಕ್ಷೆ ಮಾಡಿಸಿಕೊಂಡಿದ್ದರೆ ಕೇಳಿ. ಅವರು ಸಾಲಾಗಿ ಮಲಗಿ ಕೊಟ್ಟರು. ನಮ್ಮಲ್ಲಿ ಕೊಡಬಹುದಾಗಿದ್ದವರು ನರ್ಸ್ ಮತ್ತು ಅವಳ ಸಂಗಾತಿ. ಇಬ್ಬರಿಗೂ ಹಿಮೋಗ್ಲೋಬಿನ್ ಕಡಿಮೆ ಎಂದು ಡಾಕ್ಟರು ಎಬ್ಬಿಸಿ ಕಳಿಸಿದರು. ಉಳಿದವರು ಬೆಳಗಿನಿಂದ ಮಧ್ಯಾಹ್ನದವರೆಗೆ ಬಿಸ್ಕತ್ತು, ಜ್ಯೂಸು ಹಂಚಿದೆವು. ನನಗೆ ಎಷ್ಟು ಉರಿಯಿತೆಂದರೆ ಎರಡು ಜ್ಯೂಸ್ ನಾನೇ ಕುಡಿದೆ.

ಕೊನೆಗೆ ಅಧ್ಯಕ್ಷರು ಬಂದು ಲೆಕ್ಕ ಹಾಕಿದರು. “ಶಿಬಿರ ಇಟ್ಟ ಸಂಘದವರೇ ಒಬ್ಬರೂ ಕೊಡಲಿಲ್ಲ! ಊರವರ ರಕ್ತ ಹೀರಿಸಿ ನೀವು ನಿಂತು ನೋಡೋದಾ? ಇಂಥ ಪುಕ್ಕಲರಿಗೆ ಹಾಲ್ ಕೊಡೋಕಾಗಲ್ಲ” ಎಂದವರು, ಸಾಲಾಗಿ ನಿಂತಿದ್ದ ನಮ್ಮನ್ನು ನೋಡಿ ಗುಡುಗಿದರು. “ನೀವೆಲ್ಲ ಗಂಡಸರೇನ್ರಿ?”

ಅಕ್ಕ ಖಾಲಿ ಲೋಟ ಜೋಡಿಸುತ್ತ ಹೇಳಿದಳು. “ಫಾರ್ಮಿನಲ್ಲೂ ಅದನ್ನೇ ಕೇಳಿದಾರೆ ಅಂಡಿ.”

೪. ಯಾರ ವಿರುದ್ಧ?

ಕೋಣೆಯ ಆಸೆ ಬಿಟ್ಟು, ಬೋರ್ಡು ಹಿಡಿದು ಪಾರ್ಕಿನಲ್ಲಾದರೂ ಕೂರೋಣ ಎಂದು ಅನುಮತಿ ಕೇಳಲು ಪೊಲೀಸ್ ಠಾಣೆಗೆ ಹೋದೆ.

“ಯಾರ ವಿರುದ್ಧ?” ಎಂದರು ಅಲ್ಲಿನ ಸಾಹೇಬರು.

“ಯಾರ ವಿರುದ್ಧವೂ ಅಲ್ಲ ಸಾರ್.”

“ಹಾಗಾದ್ರೆ ಬೇಡಿಕೆ ಏನು?”

“ಎಲ್ಲರ ಹಾಗೆ ಬದುಕೋಕೆ ಬಿಡಿ ಅಂತ.”

ಅವರು ನಿಜವಾಗಿಯೂ ಯೋಚನೆ ಮಾಡಿದರು. ಒಳ್ಳೆಯ ಮನುಷ್ಯ. “ಎಲ್ಲರೂ ಭಾನುವಾರ ಮನೇಲಿ ಮಲಗಿರ್ತಾರೆ. ನೀವೂ ಹೋಗಿ ಮಲಕ್ಕೊಳ್ಳಿ. ಅದಕ್ಕೆ ಅನುಮತಿ ಬೇಕಾಗಿಲ್ಲ.”

೫. ಬೆಲ್ಲದಮ್ಮ

ಕೊನೆಗೆ ರೈಲಿನಲ್ಲಿ ಸಭೆ ಮಾಡಿದೆವು. ವಿಜಯವಾಡದ ನಾಲ್ವರು ಬಂದಿದ್ದರು. ಅವರನ್ನು ಬಿಟ್ಟುಬರುವ ನೆಪದಲ್ಲಿ ಹನ್ನೊಂದೂ ಜನ ಒಂದೇ ಡಬ್ಬಿ ಹತ್ತಿದೆವು. ಆರು ಗಂಟೆಯ ದಾರಿ, ಯಾರೂ ಎಬ್ಬಿಸುವಂತಿಲ್ಲ.

ಅನಕಾಪಲ್ಲಿಯಲ್ಲಿ ಅರವತ್ತರ ಒಬ್ಬ ಅಮ್ಮ ಬೆಲ್ಲದ ಅಚ್ಚುಗಳ ಚೀಲ ಹಿಡಿದು ಹತ್ತಿ ನಮ್ಮ ನಡುವೆಯೇ ಕೂತಳು. ತುನಿ ಸ್ಟೇಷನ್ ಬರುವವರೆಗೆ ನಮ್ಮನ್ನು ನೋಡಿದಳು. ಅಕ್ಕನನ್ನು ನೋಡಿದಳು, ಒಬ್ಬರ ಭುಜಕ್ಕೊಬ್ಬರು ಒರಗಿ ತೂಕಡಿಸುತ್ತಿದ್ದ ಕಾರ್ಖಾನೆಯ ಜೋಡಿಯನ್ನು ನೋಡಿದಳು. ಆಮೇಲೆ ಕೇಳಿದಳು. “ಏನು ಸಂಘ ಬಾಬು ನಿಮ್ಮದು?”

ಲಿಂಗದ ಸಹವಾಸ ಸಾಕಾಗಿತ್ತು. “ಎಲ್ಲರನ್ನೂ ಸರಿಸಮಾನ ಮಾಡೋ ಸಂಘ ಅಮ್ಮಾ, ಎರಡು ವರ್ಷ ಆಯ್ತು” ಎಂದೆ.

ಅವಳ ಕಿವಿಗೆ ಬಿದ್ದದ್ದು ‘ಸರಿ ಮಾಡೋ ಸಂಘ’. ಕನ್ನಡದಲ್ಲೂ ತೆಲುಗಿನಲ್ಲೂ ಸರಿ ಅಂದರೆ ಸರಿಯೇ. ಅವಳು ಹತ್ತಿರ ಜರುಗಿ ದನಿ ತಗ್ಗಿಸಿದಳು. “ನನ್ನ ಮಗನೂ ಇವರ ಹಾಗೇ ಬಾಬು. ಮದುವೆ ಮಾಡಿದ್ರೆ ಸರಿಹೋಗ್ತಾನೆ ಅಂದ್ರು, ಮಾಡಿದೆ. ಹದಿನೈದೇ ದಿನಕ್ಕೆ ಚೆನ್ನೈಗೆ ವರ್ಗ ಮಾಡಿಸ್ಕೊಂಡು ಹೊರಟುಹೋದ. ಸೊಸೆ ನನ್ನ ಹತ್ರ ಇದಾಳೆ. ಸರಿ ಮಾಡೋರು ನೀವು ಸಿಕ್ಕಿದ್ರಲ್ಲ, ದೇವರ ಹಾಗೆ! ಮಹಡಿ ಮೇಲೆ ಅವನ ಕೋಣೆ ಖಾಲಿ ಇದೆ. ಬಾಗಿಲಿದೆ, ಫ್ಯಾನಿದೆ. ಭಾನುವಾರ ಅಲ್ಲೇ ಬನ್ನಿ. ಅವನನ್ನೂ ಕರೆಸ್ತೀನಿ.”

ನಾನು ಆಗಲೇ ತಿದ್ದಬೇಕಿತ್ತು. ಹತ್ತು ಜೊತೆ ಕಣ್ಣು ನನ್ನ ಮೇಲಿತ್ತು. ‘ಬಾಗಿಲಿದೆ’ ಎಂಬ ಮಾತು ಅವರಿಗೂ ಕೇಳಿಸಿತ್ತು. “ಆಗಲಿ ಅಮ್ಮಾ” ಎಂದೆ. ಆಕೆ ಎಲ್ಲರಿಗೂ ಒಂದೊಂದು ತುಂಡು ಬೆಲ್ಲ ಕೊಟ್ಟಳು, ನಾವು ತಿಂದೆವು. ಈ ವಿಷಯದಲ್ಲಿ ನನಗೆ ಇವತ್ತಿಗೂ ನನ್ನ ಮೇಲೆಯೇ ಅಸಹ್ಯ.

ಮುಂದಿನ ತಿಂಗಳು ಅನಕಾಪಲ್ಲಿಯ ಆ ಕೋಣೆಯಲ್ಲಿ ಕೂತೆವು. ಬಾಗಿಲು ಹಾಕಿಕೊಂಡೆವು. ಮಗ ಬಂದಿರಲಿಲ್ಲ, ಫೋನನ್ನೂ ಎತ್ತಿರಲಿಲ್ಲ. ಇಂಜಿನಿಯರ್ ಎರಡು ಸಲ ಎದ್ದು ಚಿಲಕವನ್ನು ಸುಮ್ಮನೆ ಮುಟ್ಟಿ ನೋಡಿ ಬಂದ. ಅಷ್ಟರಲ್ಲಿ ಬಾಗಿಲು ಬಡಿದು ಸೊಸೆ ಕಾಫಿ ತಂದಳು. ಇಪ್ಪತ್ತಮೂರು ವರ್ಷ ಇರಬಹುದು, ತಾಳಿಯ ದಾರದ ಅರಿಶಿನ ಇನ್ನೂ ಮಾಸಿರಲಿಲ್ಲ. ಲೋಟಗಳನ್ನು ಕೊಟ್ಟು ಹೋಗದೆ ಅಕ್ಕನ ಮುಂದೆ ಕೂತಳು.

“ಅಕ್ಕಾ, ನೀವು ಅವರನ್ನ ಸರಿ ಮಾಡ್ತೀರಂತೆ. ಬೇಡ. ಮೊದಲನೇ ದಿನವೇ ನನಗೆ ಎಲ್ಲಾ ಹೇಳಿ ಅತ್ತುಬಿಟ್ರು. ಅವರು ಸರಿಯಾಗೇ ಇದಾರೆ. ನನ್ನನ್ನ ನಮ್ಮಮ್ಮನ ಮನೆಗೆ ಕಳಿಸೋಕೆ ಅತ್ತೆಗೆ ಹೇಳ್ತೀರಾ? ನನ್ನ ಮಾತು ಯಾರೂ ಕೇಳಲ್ಲ. ನಿಮ್ಮ ಮಾತಾದ್ರೆ ಕೇಳ್ತಾರೆ.”

ಹೇಳಿದರೆ ಕೋಣೆ ಹೋಗುತ್ತದೆ. ಅದು ಗೊತ್ತಾಗಲು ಯಾರಿಗೂ ಸಭೆ ಬೇಕಿರಲಿಲ್ಲ. ಸಮಾನತೆಗೆ ಹೋರಾಡುವ ಹತ್ತು ಜನ ತಲೆಯೆತ್ತಿ ಫ್ಯಾನು ನೋಡುತ್ತ ಕೂತೆವು. ಕಾರ್ಯದರ್ಶಿಯಾದ ನಾನು ಎಲ್ಲರಿಗಿಂತ ಶ್ರದ್ಧೆಯಿಂದ ನೋಡಿದೆ.

ಅಕ್ಕ ಕಾಫಿ ಪೂರ್ತಿ ಕುಡಿದು, ಲೋಟ ಇಟ್ಟು, ಸೀರೆ ಸರಿಮಾಡಿಕೊಂಡು ಕೆಳಗೆ ಹೋದಳು. ಅರ್ಧ ಗಂಟೆ ಕೂಗಾಟ ಕೇಳಿಸಿತು. ಬಳಿಕ ಸೊಸೆ ತನ್ನ ಬಟ್ಟೆಯ ಚೀಲ ಹಿಡಿದು ಅಂಗಳಕ್ಕೆ ಬಂದಳು. ಅವಳ ಹಿಂದೆ ಚಪ್ಪಲಿ ಹುಡುಕಿಕೊಂಡು ನಾವೂ ಬಂದೆವು.

ಬೆಲ್ಲದಮ್ಮ ಹೊಸ್ತಿಲ ಮೇಲೆ ನಿಂತು ಬೀದಿಗೆಲ್ಲ ಕೇಳುವಂತೆ ಅತ್ತಳು. “ಸರಿ ಮಾಡೋರು ಅಂತ ಮನೆಯೊಳಗೆ ಬಿಟ್ಕೊಂಡೆನಲ್ಲಾ! ಎರಡು ವರ್ಷದಿಂದ ಸಂಘ ಅಂತ ತಿರುಗ್ತೀರಲ್ಲ, ಏನು ಸರಿ ಮಾಡಿದೀರಿ? ಒಂದು ಹೇಳಿ! ಒಂದೇ ಒಂದು ಹೇಳಿ ನೋಡೋಣ!”

ಅಕ್ಕ ಹುಡುಗಿಯ ಕೈಯಿಂದ ಚೀಲ ತೆಗೆದು ತನ್ನ ಸೊಂಟದ ಮೇಲಿಟ್ಟುಕೊಂಡಳು.

“ಇದು ಅಮ್ಮಾ” ಎಂದಳು. “ಇದೊಂದೇ.”