ಸಂಪಿಗೆ ಕೊಂಬೆಗೊಂದು ವಡೆಹಾರ

ಆಂಡಾಳಮ್ಮ ದೇವರ ಮುಂದೆ ಕೂತು ಯಾರ ಕೆಡುಕನ್ನೂ ಬೇಡಿಕೊಂಡವಳಲ್ಲ. ಸರಿಯಾಗಿ ಮಂಗಳಾರತಿಯ ಹೊತ್ತಿಗೇ ಹಾಡು ಹಾಕಿಕೊಂಡು ಬರುವ ಕಸದ ಗಾಡಿಯವನಿಗೂ ಒಳ್ಳೆಯದಾಗಲಿ ಎನ್ನುವವಳು. ಅಂಥವಳು ಆ ಆಷಾಢದ ಉದ್ದಕ್ಕೂ ದಿನಾ ದೀಪ ಹಚ್ಚಿ, ಕಣ್ಣು ಮುಚ್ಚಿ, ಕೈಹಿಡಿದ ಗಂಡ ಸೋಲಲಿ ಎಂದು ಬೇಡಿಕೊಂಡಳು. ಬೇಡಿದ್ದು ದೇವರಿಗೆ ಕೇಳಿಸಬೇಕು, ಪಕ್ಕದಲ್ಲಿ ನಿಂತು ಗಂಟೆ ಬಾರಿಸುವ ಗಂಡನಿಗೆ ಕೇಳಿಸಬಾರದು. ಹಾಗಾಗಿ ತುಟಿ ಅಲ್ಲಾಡಿಸದೆ ಪ್ರಾರ್ಥಿಸುವ ವಿದ್ಯೆಯನ್ನು ಆಕೆ ಈ ವಯಸ್ಸಿನಲ್ಲಿ ಹೊಸದಾಗಿ ಕಲಿಯಬೇಕಾಯಿತು.

ಎಲ್ಲಕ್ಕೂ ಮೂಲ ಒಂದು ಸಂಪಿಗೆ ಕೊಂಬೆ. ಬಸವನಗುಡಿಯ ಅವರ ಮನೆಯ ಹಿತ್ತಲಲ್ಲಿ ಅತ್ತೆಯವರು ನೆಟ್ಟ ಮರ. ಕೊಂಬೆಗಳೇನೋ ಬೇಕಾದಷ್ಟಿವೆ, ಆದರೆ ಟೆರೇಸಿನಲ್ಲಿ ನಿಂತು ಕೈಚಾಚಿದರೆ ಹೂವು ಸಿಗುವುದು ಒಂದೇ ಕೊಂಬೆಯಲ್ಲಿ. ಮಿಕ್ಕವೆಲ್ಲ ನೇರವಾಗಿ ಆಕಾಶಕ್ಕೇ ಅರ್ಪಿತ. ಮದುವೆಯಾಗಿ ಬಂದಾಗಿನಿಂದ ಆಂಡಾಳಮ್ಮ ದೇವರಿಗೆ ಏರಿಸಿದ ಸಂಪಿಗೆಯೆಲ್ಲ ಆ ಕೊಂಬೆಯದೇ. ಗ್ರಹಚಾರಕ್ಕೆ ಅದೇ ಕೊಂಬೆ ಕಾಂಪೌಂಡು ದಾಟಿ, ಪಕ್ಕದ ಮನೆಯ ಶ್ರೀನಿವಾಸಯ್ಯನವರ ಸೋಲಾರ್ ಹೀಟರಿನ ಮೇಲೆ ನೆರಳು ಹಾಸಿ ಮಲಗಿತ್ತು. ಶ್ರೀನಿವಾಸಯ್ಯನವರು ತಣ್ಣೀರು ಸ್ನಾನ ಮಾಡಿ ಮಾಡಿ ಶೀತ ಹಿಡಿಸಿಕೊಂಡರು. ಅದರಲ್ಲಿ ಆಷಾಢದ ಮೋಡದ ಪಾಲೂ ಇತ್ತು. ಆದರೆ ಮೋಡದ ಮೇಲೆ ಯಾರಿಗೆ ದೂರು ಕೊಡುವುದು? ಪಕ್ಕದ ಮನೆಯ ಮರವಾದರೆ ಕೂಗಿದರೆ ಕೇಳಿಸುವಷ್ಟು ದೂರದಲ್ಲಿದೆ.

ಒಂದು ಸಂಜೆ ಅವರು ಸೀನುತ್ತ ಒಂದು ಗೋಣಿಚೀಲ ಹೊತ್ತು ತಂದರು. ಒಳಗಿದ್ದದ್ದು ಮರ ಕೊಯ್ಯುವ ಪೆಟ್ರೋಲ್ ಗರಗಸ. ಭಾವಮೈದನ ಕಾಫಿ ತೋಟದ್ದಂತೆ. ಇಂಜಿನ್ ಸವೆದು ಮೂಲೆ ಸೇರಿದೆಯಂತೆ. "ನೀವು ಹೇಗೂ ಏನಾದ್ರೂ ರಿಪೇರಿ ಮಾಡ್ತಾನೇ ಇರ್ತೀರ. ಇದನ್ನ ಒಂದು ಎಬ್ಬಿಸಿ ಕೂರಿಸಿ. ಆಮೇಲೆ ಆ ಕೊಂಬೆ ಎಷ್ಟರ ಕೆಲಸ," ಎಂದು ಆಂಡಾಳಮ್ಮನ ಗಂಡ ಬದರೀನಾರಾಯಣರ ಕೈಗೆ ಒಪ್ಪಿಸಿದರು.

ಬದರೀನಾರಾಯಣರು ವಿಮೆ ಕಚೇರಿಯಿಂದ ನಿವೃತ್ತರಾದ ಮೇಲೆ ರಿಪೇರಿಯನ್ನೇ ವಾನಪ್ರಸ್ಥವೆಂದು ಸ್ವೀಕರಿಸಿದ್ದರು. (ಅವರು ಬಿಚ್ಚಿ ಜೋಡಿಸಿದ ಮೇಲೆ ಮನೆಯ ಗೋಡೆ ಗಡಿಯಾರ ರಾಹುಕಾಲದಲ್ಲಿ ಮಾತ್ರ ನಿಲ್ಲುತ್ತದೆ. ಅದನ್ನೂ ಒಂದು ಸೌಕರ್ಯವೆಂದೇ ಅವರ ವಾದ.) ಗರಗಸ ನೋಡಿದ ಅವರ ಮುಖ ಮೊಮ್ಮಗುವನ್ನು ಕಂಡ ಹಾಗೆ ಅರಳಿತು. ಕೊಂಬೆ ಮಾತ್ರ ಕಡಿಯಬೇಡಿ ಎಂದು ಆಂಡಾಳಮ್ಮ ಹೇಳಿದ್ದಕ್ಕೆ, "ಮೊದ್ಲು ಇಂಜಿನ್ ಆಗ್ಲಿ ಆಂಡಾಳು, ಮಿಕ್ಕಿದ್ದು ಆಮೇಲೆ," ಎಂದರು. ಸಂಸಾರಸ್ಥರಿಗೆಲ್ಲ ಗೊತ್ತಿರುವಂತೆ ಗಂಡಂದಿರ 'ಆಮೇಲೆ'ಗೆ ಸಾವಿರ ಅರ್ಥ. ಆಂಡಾಳಮ್ಮ ಅದರಲ್ಲಿ ಅತ್ಯಂತ ಕೆಟ್ಟದ್ದನ್ನು ಆರಿಸಿಕೊಂಡಳು.

ಆ ಶನಿವಾರವೇ ಆಟೋ ಹಿಡಿದು ಹನುಮಂತನಗರಕ್ಕೆ ಹೋಗಿ, ಗುಡ್ಡದ ಮೆಟ್ಟಿಲು ಹತ್ತಿ ಆಂಜನೇಯನ ಮುಂದೆ ನಿಂತಳು. 'ಲಂಕೆಯಲ್ಲಿ ನೀನೂ ಮರದ ಕೊಂಬೆ ಮೇಲೆ ಕೂತೇ ತಾಯಿಯನ್ನು ಕಂಡವನು. ಕೊಂಬೆಯ ಬೆಲೆ ನಿನಗೆ ನಾನು ಹೇಳಬೇಕಾ? ನಮ್ಮ ಸಂಪಿಗೆ ಕೊಂಬೆ ಉಳಿಸು ತಂದೆ, ನೂರೆಂಟು ವಡೆಯ ಹಾರ ಹಾಕಿಸ್ತೀನಿ. ವಡೆ ನಾನೇ ಕೈಯಾರೆ ಮಾಡ್ತೀನಿ, ಹೊರಗಿಂದ ತರಿಸೋದಿಲ್ಲ.' (ಈ ಕೊನೆಯ ವಾಕ್ಯವನ್ನು ಯಾರೂ ಕೇಳಿರಲಿಲ್ಲ. ಭಕ್ತಿ ಉಕ್ಕಿದಾಗ ಬಾಯಿಗೆ ಬ್ರೇಕು ಇರುವುದಿಲ್ಲ.)

ಇತ್ತ ಜಗಲಿಯ ಮೇಲೆ ಹಳೆಯ ಪೇಪರು ಹಾಸಿ ಮಹಾಯಜ್ಞ ಶುರುವಾಯಿತು. ಇಂಜಿನ್ ಈಚೆ ಬಂತು. ಗೋಣಿಚೀಲ ಮಾತ್ರ ಹಿತ್ತಲ ಶೆಡ್ಡಿನ ಮೂಲೆಯಲ್ಲೇ ಉಳಿಯಿತು. ಅದರೊಳಗೆ ಹಲ್ಲು ಕಿರಿದುಕೊಂಡು ಗರಗಸದ ಸರಪಳಿ ಸುತ್ತಿಕೊಂಡಿದೆ ಎಂದು ಆಂಡಾಳಮ್ಮ ಆ ಕಡೆ ಸುಳಿಯಲೇ ಇಲ್ಲ.

ಸವೆದ ಇಂಜಿನ್ ಎಂದರೇನು ಎಂದು ಬದರೀನಾರಾಯಣರು ಹೆಂಡತಿಗೆ ದಿನಾ ಪಾಠ ಹೇಳುತ್ತಿದ್ದರು. ಆಕೆ ಬತ್ತಿ ಹೊಸೆಯುತ್ತ ಕೇಳಿಸಿಕೊಳ್ಳುತ್ತಿದ್ದಳು. ಕೇಳಿಸಿಕೊಳ್ಳುವುದರಲ್ಲಿ ಆಂಡಾಳಮ್ಮನನ್ನು ಮೀರಿಸುವವರಿಲ್ಲ, ಬೀದಿಯವರೆಲ್ಲ ಕಷ್ಟ ಹೇಳಿಕೊಳ್ಳಲು ಬರುವುದು ಅವಳ ಹತ್ತಿರವೇ. ಸಿಲಿಂಡರು, ಪಿಸ್ಟನ್ನು, ರಿಂಗು, ಒತ್ತಡ ಎಂದೆಲ್ಲ ಅವರು ಹೇಳಿ ಮುಗಿಸಿದ ಮೇಲೆ ಆಕೆಗೆ ಅರ್ಥವಾದದ್ದಿಷ್ಟು: ಇದು ಚಕ್ಕುಲಿ ಒರಳು. ಮೇಲಿನ ಒತ್ತು ಸವೆದರೆ ಹಿಟ್ಟು ಕೆಳಗಿನ ತೂತಿನಿಂದ ಬರದೆ ಪಕ್ಕದ ಸಂದಿಯಿಂದ ಮೇಲೆ ಬರುತ್ತದೆ. ಇಲ್ಲಿ ಹಿಟ್ಟಿನ ಬದಲು ಗಾಳಿ. ಬದರೀನಾರಾಯಣರಿಗೆ ಈ ಉಪಮೆ ಹಿಡಿಸಲಿಲ್ಲ, ಆದರೆ ತಪ್ಪು ಅನ್ನುವುದಕ್ಕೂ ಆಗಲಿಲ್ಲ.

ಮೊದಲ ವಿಘ್ನ ಕ್ಲಚ್ಚಿನದು. ಅದನ್ನು ಬಿಚ್ಚಲು ತಿರುಗಿಸಿದರೆ ಇಡೀ ಇಂಜಿನ್ ಜೊತೆಗೇ ತಿರುಗುತ್ತಿತ್ತು. ಪ್ಲಗ್ಗಿನ ತೂತಿನೊಳಕ್ಕೆ ಹಗ್ಗ ತುರುಕಿದರೆ ಪಿಸ್ಟನ್ ಅಲ್ಲಾಡದೆ ನಿಲ್ಲುತ್ತದೆ ಎಂದು ಮೊಬೈಲಿನ ವಿಡಿಯೊದಲ್ಲಿ ಯಾರೋ ತೋರಿಸಿದ್ದರಂತೆ. ತುರುಕಿದರು. ಹಗ್ಗ ಯಾವುದು ಎಂದು ಆಂಡಾಳಮ್ಮನಿಗೆ ತಿಳಿದದ್ದು ಮಾರನೆಯ ದಿನ ಮೊಸರು ಕಡೆಯಲು ಹೋದಾಗ. ಕಡಗೋಲು ಒಂಟಿಯಾಗಿ ಗೋಡೆಗೆ ಒರಗಿತ್ತು.

"ಸಮುದ್ರ ಮಥನಕ್ಕೆ ವಾಸುಕೀನ ತಗೊಂಡ್ರು," ಎಂದಳು ಜಗಲಿಗೆ ಬಂದು. "ಅವರೂ ಒಂದು ಮಾತು ಕೇಳಿ ತಗೊಂಡ್ರಂತೆ."

ಬದರೀನಾರಾಯಣರು ಸ್ಪ್ಯಾನರಿಗೆ ಜೋತುಬಿದ್ದು, ಮುಖ ಟೊಮ್ಯಾಟೊ ಮಾಡಿಕೊಂಡು, ಎಡಕ್ಕೆ ಎಳೆಯುತ್ತಿದ್ದರು. ಬೆಳಗಿನಿಂದ ಎಳೆದರೂ ಕ್ಲಚ್ ಜಗ್ಗಿರಲಿಲ್ಲ. ಆಂಡಾಳಮ್ಮ ಸ್ವಲ್ಪ ಹೊತ್ತು ನೋಡಿದಳು. ಸುಮ್ಮನಿರಬೇಕಾಗಿತ್ತು. ಸುಮ್ಮನಿದ್ದಿದ್ದರೆ ಕೊಂಬೆ ಅಲ್ಲಿಗೇ ಉಳಿಯುತ್ತಿತ್ತು. ಆದರೆ ತಪ್ಪಾಗಿ ನಡೆಯುತ್ತಿರುವ ಕೆಲಸವನ್ನು ಕಣ್ಣಾರೆ ನೋಡುತ್ತ ನಿಲ್ಲುವುದು ಅವಳಿಂದ ಆಗದ ಮಾತು.

"ಆ ಕಡೆಗಲ್ಲ, ಈ ಕಡೆಗೆ ತಿರುಗಿಸಿ. ಮಿಕ್ಸಿ ಕಪ್ಲರೂ ಹೀಗೇ, ಉಲ್ಟಾ ಬಿಚ್ಚೋದು. ತಾನು ತಿರುಗೋವಾಗ ತಾನೇ ಬಿಚ್ಚಿಕೊಂಡು ಹೋಗಬಾರದಲ್ಲ, ಅದಕ್ಕೆ."

ಅವರು ನಗುತ್ತ, ಹೆಂಗಸರ ಸಮಾಧಾನಕ್ಕೆಂದು ಬಲಕ್ಕೆ ಎಳೆದರು. ಕ್ಲಚ್ 'ಟಕ್' ಎಂದು ಬಿಟ್ಟುಕೊಂಡಿತು. ಆಂಡಾಳಮ್ಮ ಕೆನ್ನೆ ಬಡಿದುಕೊಳ್ಳುತ್ತ ದೇವರ ಮನೆಗೆ ಹೋದಳು.

ಎರಡನೆಯ ವಿಘ್ನವನ್ನು ಆಕೆಯೇ ಎದುರಿಸಬೇಕಾಯಿತು. ಅವರೆಕಾಯಿ ಕಾಲದಲ್ಲಿ ಹಿಚುಕಿ, ವರ್ಷಪೂರ್ತಿ ಬರಲೆಂದು ಫ್ರೀಜರಿನಲ್ಲಿ ಕೂಡಿಟ್ಟಿದ್ದ ಅವರೆಬೇಳೆಗೆಂದು ಕೈಹಾಕಿದರೆ, ಬೆರಳಿಗೆ ಸಿಕ್ಕಿದ್ದು ಮಂಜು ಹಿಡಿದ ಒಂದು ಕಬ್ಬಿಣದ ದೇಹ. ಅಡುಗೆಮನೆಯಲ್ಲಿ ನೋಡಿದರೆ, ಅತ್ತೆಯವರು ಪಳಗಿಸಿಕೊಟ್ಟು ಹೋದ ದೋಸೆ ಕಾವಲಿಯ ಮೇಲೆ ಇಂಜಿನ್ನಿನ ಹೊರಕವಚ ಹದವಾಗಿ ಬೇಯುತ್ತಿದೆ, ಪಕ್ಕದಲ್ಲಿ ಬದರೀನಾರಾಯಣರು ಮಗುಚುವ ಕೈ ಹಿಡಿದು ನಿಂತಿದ್ದಾರೆ. ಕವಚ ಬಿಸಿಯಾಗಿ ಹಿಗ್ಗಬೇಕು, ಫ್ರೀಜರಿನಲ್ಲಿಟ್ಟ ತಿರುಗುವ ದಂಡ ತಣ್ಣಗಾಗಿ ಕುಗ್ಗಬೇಕು, ಆಗ ಬೇರಿಂಗು ಪೆಟ್ಟಿಲ್ಲದೆ ಕೂರುತ್ತದೆ, ಇದು ಶಾಸ್ತ್ರ ಎಂದರು. ಯಾವ ಶಾಸ್ತ್ರದಲ್ಲೂ ಅತ್ತೆಯ ಕಾವಲಿಯನ್ನು ಹೀಗೆ ಬಳಸಿದ್ದಿಲ್ಲ ಎಂದಳು ಆಂಡಾಳಮ್ಮ. ನಮ್ಮಮ್ಮ ಇದ್ದಿದ್ದರೆ ಬೇಡ ಅನ್ನುತ್ತಿರಲಿಲ್ಲ ಎಂದರು ಅವರು. ನಿಮ್ಮಮ್ಮ ಇದ್ದಿದ್ದರೆ ಕಾವಲಿ ಒಲೆಯ ಮೇಲಿರುತ್ತಿರಲಿಲ್ಲ, ನಿಮ್ಮ ಬೆನ್ನ ಮೇಲಿರುತ್ತಿತ್ತು ಎಂದಳು ಅವಳು. ಮುಂದಿನ ವಾರವೆಲ್ಲ ಮನೆಯಲ್ಲಿ ದೋಸೆ ಏಳಲಿಲ್ಲ. ಕಾವಲಿಯಿಂದಲೂ, ಮಾತಿನಲ್ಲೂ.

ಅಂತೂ ಜೆ.ಸಿ. ರೋಡಿನಲ್ಲಿ ಹುಡುಕಿ ತಂದ ಪಿಸ್ಟನ್ನು, ರಿಂಗು, ಬೇರಿಂಗುಗಳೆಲ್ಲ ಒಳಗೆ ಸೇರಿ ಇಂಜಿನ್ ಮತ್ತೆ ಇಂಜಿನ್ನಿನ ಆಕಾರ ತಳೆಯಿತು. ಬದರೀನಾರಾಯಣರು ಅರಿಶಿನ ಕುಂಕುಮ ಹಚ್ಚಿ, ಇಂಜಿನ್ ಚಾಲು ಮಾಡುವ ಹಗ್ಗ ಎಳೆದರು. 'ಕೊರ್' ಎಂದಿತು. ಇನ್ನೊಮ್ಮೆ ಎಳೆದರು. ಒಂದು ಸಲ ಕೆಮ್ಮಿ, ಕಿರುಚಿ, ತೆಪ್ಪಗಾಯಿತು. ದಿನವೆಲ್ಲ ಎಳೆದರು. ಮಾರನೆಯ ದಿನವೂ ಎಳೆದರು. ಅವರ ತೋಳಿಗೆ ಆಂಡಾಳಮ್ಮ ಎಣ್ಣೆ ನೀವುತ್ತ, ಒಳಗೊಳಗೇ ಉದ್ದಿನಬೇಳೆ ಎಷ್ಟು ನೆನೆಹಾಕಬೇಕೆಂದು ಯೋಚಿಸಿದಳು. ಆಂಜನೇಯ ಕೈಬಿಟ್ಟಿರಲಿಲ್ಲ.

ಆದರೆ ಆ ಗೆಲುವು ರುಚಿಸಲಿಲ್ಲ. ಬದರೀನಾರಾಯಣರು ಮಾತು ಬಿಟ್ಟರು. ಪೇಪರು ಓದಿ ದೇಶವನ್ನು ಬೈಯುವುದನ್ನು ಬಿಟ್ಟರು. ಪರೀಕ್ಷಿಸೋಣವೆಂದು ಆಂಡಾಳಮ್ಮ ಒಂದು ದಿನ ಬೇಕೆಂದೇ ಸಾರಿಗೆ ಉಪ್ಪು ಹಾಕದೆ ಬಡಿಸಿದಳು. ಮದುವೆಯಾದಾಗಿನಿಂದ ಒಂದು ಹರಳು ಹೆಚ್ಚುಕಡಿಮೆಯಾದರೂ ಉಪನ್ಯಾಸ ಕೊಡುತ್ತಿದ್ದವರು ಕಲಸಿಕೊಂಡು ತಿಂದು, ಕೈತೊಳೆದು, "ಚೆನ್ನಾಗಿತ್ತು," ಎಂದು ಎದ್ದುಹೋದರು. ಅಂದು ಮಧ್ಯಾಹ್ನ ಅವರು ಇಂಜಿನ್ನನ್ನು ಬಟ್ಟೆಯಲ್ಲಿ ಸುತ್ತಿ, ಕೊನೆಯ ಸಲವೆಂಬಂತೆ ಮೆಲ್ಲಗೆ ಹಗ್ಗ ಎಳೆದರು. ಬಾಗಿಲಲ್ಲಿ ನಿಂತಿದ್ದ ಆಂಡಾಳಮ್ಮನಿಗೆ 'ಉಸ್' ಎಂಬ ಸಣ್ಣ ಸದ್ದು ಕೇಳಿಸಿತು. ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದಾಗ ಬರುವ ಸದ್ದು. ದಿನಾ ಕೇಳಿದವಳಿಗೆ ಅದು ತಪ್ಪುವಂತಿಲ್ಲ.

ಹೇಳಿದರೆ ಕೊಂಬೆ ಹೋಯಿತು. ಹೇಳದಿದ್ದರೆ ಗಂಡ ಹೀಗೇ ಉಪ್ಪಿಲ್ಲದ ಸಾರು ತಿಂದುಕೊಂಡು ಇರುತ್ತಾರೆ. ಆಕೆ ಒಳಗೆ ಹೋಗಿ ಆಂಜನೇಯನ ಪಟದ ಮುಂದೆ ನಿಂತು, 'ಕೊಂಬೆ ನಿನ್ನ ಜವಾಬ್ದಾರಿ, ಗಂಡ ನನ್ನ ಜವಾಬ್ದಾರಿ' ಎಂದು ಕೆಲಸ ಹಂಚಿಕೊಟ್ಟು, ಬಟ್ಟಲಲ್ಲಿ ಸೋಪಿನ ನೀರು ಕಲಸಿಕೊಂಡು ಬಂದಳು. ಗ್ಯಾಸ್ ಸಿಲಿಂಡರು ಸೋರುತ್ತಿದೆಯೇ ಎಂದು ನೋಡುವ ಹಾಗೆಯೇ ಇಂಜಿನ್ನಿನ ಕೀಲುಗಳಿಗೆಲ್ಲ ನೊರೆ ಬಳಿದು, "ಈಗ ಎಳೀರಿ," ಎಂದಳು. ಇಂಜಿನ್ನಿನ ಸಿಲಿಂಡರಿನ ಬುಡದಲ್ಲಿ ಪುಟುಪುಟನೆ ಗುಳ್ಳೆಗಳೆದ್ದವು.

"ಇಲ್ಲಿ ಗ್ಯಾಸ್ಕೆಟ್ಟಿಗೆ ಏನು ಹಾಕಿದೀರಾ?"

ಬದರೀನಾರಾಯಣರು ತಲೆ ಕೆರೆದುಕೊಂಡರು. ಈ ಹಳೆಯ ಮಾಡೆಲ್ಲಿಗೆ ಗ್ಯಾಸ್ಕೆಟ್ ಸಿಕ್ಕಿರಲಿಲ್ಲ. ದಪ್ಪ ಕಾಗದದಲ್ಲಿ ಕತ್ತರಿಸಿಕೊಂಡರೆ ಸಾಕು ಎಂದು ವಿಡಿಯೊದವನು ಹೇಳಿದ್ದ. ದಪ್ಪ ಕಾಗದಕ್ಕೆ ಈ ಮನೆಯಲ್ಲಿ ಬರವೇ? ದೇವರ ಚಿತ್ರ ಇರುತ್ತದೆಂದು ಆಂಡಾಳಮ್ಮ ಎಸೆಯಲು ಬಿಡದ ಲಗ್ನಪತ್ರಿಕೆಗಳು ಒಂದು ಟ್ರಂಕಿನ ತುಂಬ ಇದ್ದವು. ಅದರಲ್ಲಿ ಸುಲ್ತಾನ್‌ಪೇಟೆಯಲ್ಲಿ ಮಾಡಿಸಿದ, ಹಪ್ಪಳದಷ್ಟು ದಪ್ಪದ ಒಂದನ್ನು ಆರಿಸಿದ್ದರು.

"ದೇವರ ಚಿತ್ರಕ್ಕೆ ಕತ್ತರಿ ತಾಗಿಸಲಿಲ್ಲ ಕಣೇ, ಆಣೆ," ಎಂದರು. "ಸ್ವಾಮಿಯನ್ನ ಬಿಟ್ಟು ಕೆಳಗಿನ ಭಾಗ ಮಾತ್ರ ತಗೊಂಡೆ."

ಬಿಚ್ಚಿ ನೋಡಿದರೆ, ಕೆಳಗಿನ ಭಾಗವೆಂದರೆ ವಧೂವರರ ಹೆಸರು. ಚಿನ್ನದ ಬಣ್ಣದಲ್ಲಿ, ಬೆರಳಿಗೆ ತಾಗುವಷ್ಟು ಉಬ್ಬಾಗಿ ಅಚ್ಚಾದ ಅಕ್ಷರಗಳು. 'ಚಿ॥ರಾ॥ ಬಸವಪ್ರಭು' ಒಂದು ಕಡೆ, 'ಚಿ॥ಸೌ॥ ತೇಜಶ್ರೀ' ಇನ್ನೊಂದು ಕಡೆ ಉಬ್ಬಿಕೊಂಡಿದ್ದರೆ ನಡುವಿನ ಸಂದಿಯಲ್ಲಿ ಗಾಳಿ ನುಗ್ಗದೆ ಏನು ಮಾಡೀತು? ಆಂಡಾಳಮ್ಮ ಮೇಲೆದ್ದಳು. ಹೊಸ ಷರಟಿನ ಬೆನ್ನಿಗಿಟ್ಟು ಕೊಡುವ ರಟ್ಟನ್ನು ಬೀರುವಿನಿಂದ ತೆಗೆದು, ರವಿಕೆ ಕತ್ತರಿಸುವ ಕತ್ತರಿಯಲ್ಲಿ ಗೆರೆಯ ಮೇಲೆ ಗೆರೆ ಬರುವಂತೆ ಕತ್ತರಿಸಿಕೊಟ್ಟಳು.

ಎಲ್ಲ ಜೋಡಿಸಿದ ಮೇಲೆ ಬದರೀನಾರಾಯಣರು, "ನೀನೇ ಎಳಿ ಆಂಡಾಳು, ನಿನ್ನ ಕೈ ಗುಣ ಒಳ್ಳೇದು," ಎಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೋವಿಂದ ಎಂದು ಆಕೆ ಎಳೆದಳು. ಇಂಜಿನ್ ಒಂದೇ ಎಳೆತಕ್ಕೆ ಸಿಂಹದಂತೆ ಗರ್ಜಿಸಿತು. ಸಂಪಿಗೆ ಮರದ ಗಿಳಿಗಳೆಲ್ಲ ಹಾರಿಹೋದವು. ಬದರೀನಾರಾಯಣರು ಹೊಗೆಯ ಮಧ್ಯೆ ನಿಂತು ಕುಣಿದರು, ಹೆಂಡತಿಯ ಕೈ ಕುಲುಕಿದರು, ಆ ಸಂತೋಷದಲ್ಲಿ ಸಾರಿಗೆ ಉಪ್ಪಿರಲಿಲ್ಲ ಎಂದೂ ನೆನಪಿಸಿಕೊಂಡು ಬೈದರು. ಆಂಡಾಳಮ್ಮನಿಗೆ ಜೀವ ಬಂದಂತಾಯಿತು.

ಅಷ್ಟರಲ್ಲಿ ಸದ್ದು ಕೇಳಿ ಶ್ರೀನಿವಾಸಯ್ಯನವರು ಗೇಟು ತೆಗೆದುಕೊಂಡು ಒಳಗೆ ಓಡಿಬಂದರು. ಆಂಡಾಳಮ್ಮ ಹಿತ್ತಲಿಗೆ ಹಾರಿ, ಎರಡೂ ಕೈಯಲ್ಲಿ ಸಂಪಿಗೆ ಮರ ತಬ್ಬಿಕೊಂಡು ನಿಂತಳು. "ಮೊದ್ಲು ನನ್ನ ಕೊಯ್ಯಿರಿ," ಎಂದಳು.

ಇಂಜಿನ್ ನಿಂತಿತು. ಹಿಂದೆಯೇ ಬಂದ ಇಬ್ಬರು ಗಂಡಸರೂ ಮುಖ ಮುಖ ನೋಡಿಕೊಂಡರು.

"ಯಾತರಲ್ಲಿ ಕೊಯ್ಯೋದೇ?" ಎಂದರು ಬದರೀನಾರಾಯಣರು. "ಇದಕ್ಕೆ ಸರಪಳೀನೇ ಇಲ್ಲ. ಮೊದಲ ದಿನದಿಂದಲೂ ಇಲ್ಲ. ಕೊಂಬೆ ಕಡೀತೀನಿ ಅಂತ ನಾನ್ಯಾವಾಗ ಅಂದೆ? ಇಂಜಿನ್ ಮಾಡ್ತೀನಿ ಅಂದೆ, ಅಷ್ಟೆ."

ಗೋಣಿಚೀಲ ಕೊಡವಿ ತೋರಿಸಿದರು. ಒಂದು ಜಿರಳೆ ಬಿತ್ತು. ಸರಪಳಿ ತೋಟದಲ್ಲೇ ಇದೆ, ಭಾವಮೈದ ಇನ್ನೊಂದು ಮಿಷನ್ನಿಗೆ ಹಾಕಿಕೊಂಡಿದ್ದಾನೆ, ತಮಗೂ ಆಮೇಲೇ ಗೊತ್ತಾದದ್ದು ಎಂದು ಶ್ರೀನಿವಾಸಯ್ಯನವರು ವಿವರಿಸಿದರು. ತಾವು ಬಂದದ್ದು ಕೊಂಬೆಗಲ್ಲವಂತೆ. ಶ್ರಾವಣ ಬಂದು ಬಿಸಿಲು ಬಿದ್ದ ಮೇಲೆ ನೀರು ಕೈ ಸುಡುವಷ್ಟು ಕಾಯುತ್ತಿದೆಯಂತೆ, ಈಗ ಆ ನೆರಳೇ ಹಿತವಂತೆ. ಭಾವಮೈದ ಗರಗಸ ವಾಪಸು ಕೇಳುತ್ತಿದ್ದಾನೆ, ತೆಗೆದುಕೊಂಡು ಹೋಗಲು ಬಂದೆ ಎಂದರು. ಹೋಗುವಾಗ ಆ ಕೊಂಬೆಯಿಂದಲೇ ಎರಡು ಸಂಪಿಗೆ ಕೇಳಿ ಪಡೆದರು.

ಆಂಡಾಳಮ್ಮನ ಆನಂದಕ್ಕೆ ಪಾರವಿರಲಿಲ್ಲ. ಕೊಂಬೆಯೂ ಉಳಿಯಿತು, ಗಂಡನೂ ಗೆದ್ದರು. ಇಂಥ ದೇವರಿಗೆ ಸಾಲ ಉಳಿಸಿಕೊಳ್ಳಬಾರದೆಂದು ಮುಂದಿನ ಶ್ರಾವಣ ಶನಿವಾರಕ್ಕೇ ಹರಕೆ ಗೊತ್ತುಮಾಡಿದಳು. ಬೆಳಿಗ್ಗೆ ಎದ್ದು, ತಲೆಗೆ ಸ್ನಾನ ಮಾಡಿ, ಮಡಿಯುಟ್ಟು, ನೆನೆದ ಉದ್ದಿನಬೇಳೆಯ ಪಾತ್ರೆ ಎತ್ತಿಕೊಂಡು ಗ್ರೈಂಡರಿನ ಮೂಲೆಗೆ ಹೋದಳು. ಮೂಲೆ ಖಾಲಿಯಿತ್ತು.

ಗ್ರೈಂಡರು ಜಗಲಿಯ ಮೇಲಿತ್ತು. ಒಂದು ಗ್ರೈಂಡರಾಗಿ ಅಲ್ಲ, ಹಳೆಯ ಪೇಪರಿನ ಮೇಲೆ ಸಾಲಾಗಿ ಹರಡಿದ ಒಂದು ಜಾತ್ರೆಯಾಗಿ. ನಡುವೆ ಬದರೀನಾರಾಯಣರು ಪ್ರಸನ್ನವದನರಾಗಿ ಕೂತಿದ್ದರು.

"ಸದ್ದು ಮಾಡುತ್ತೆ ಅಂತ ನೀನೇ ಅಂದಿದ್ಯಲ್ಲ," ಎಂದರು. "ಬೇರಿಂಗ್ ಸವೆದಿದೆ. ನಿನಗೂ ಈಗ ಕೆಲಸ ಗೊತ್ತು, ಇಬ್ಬರೂ ಸೇರಿದ್ರೆ ಎಷ್ಟು ಹೊತ್ತು?"

ಆಂಡಾಳಮ್ಮ ಪಾತ್ರೆ ಹೊತ್ತು ಹಿತ್ತಲಿಗೆ ಹೋಗಿ, ಅತ್ತೆಯವರ ಕಾಲದ ಒರಳುಕಲ್ಲನ್ನು ತೊಳೆದು, ಸಂಪಿಗೆ ಕೊಂಬೆಯ ಕೆಳಗೆ ಕೂತು ರುಬ್ಬತೊಡಗಿದಳು. ಕೈಯಾರೆ ಎಂದು ಆಂಜನೇಯನ ಮುಂದೆ ಒಪ್ಪಿಕೊಂಡದ್ದು ತಾನೇ. ಅವನು ಮಾತನ್ನು ಅಕ್ಷರಶಃ ಹಿಡಿಯುತ್ತಾನೆಂದು ಯಾರಿಗೆ ಗೊತ್ತಿತ್ತು? ಮೇಲಿನಿಂದ ಒಂದು ಸಂಪಿಗೆ ಹಿಟ್ಟಿಗೆ ಬಿತ್ತು. ಎತ್ತಿ ಕಿವಿಯ ಹಿಂದಕ್ಕೆ ಸಿಕ್ಕಿಸಿಕೊಂಡು ತೋಳು ಬದಲಿಸಿದಳು.

ಹಿಂದಿನಿಂದ ಗಂಡನ ದನಿ ಬಂತು. "ಆಂಡಾಳು, ಫ್ರೀಜರಿನಲ್ಲಿ ಒಂದು ಚೂರು ಜಾಗ ಮಾಡಿಕೊಡ್ತೀಯಾ? ಕಾವಲಿ ನಾನೇ ಇಟ್ಕೋತೀನಿ."

ಆಂಡಾಳಮ್ಮ ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸದೆ, ಈ ಸಲ ಗಂಡ ಬೇಗ ಗೆಲ್ಲಲಿ ಎಂದು ಬೇಡಿಕೊಂಡಳು. ಹರಕೆ ಮಾತ್ರ ಹೊತ್ತುಕೊಳ್ಳಲಿಲ್ಲ.