ಹನ್ನೊಂದು ಕುಂಡಗಳಿಗೆ ನೀರು ಬಂದ್

ಲಾಠಿ ತಿಂದಿದ್ದೇನೆ, ಅಶ್ರುವಾಯು ಕುಡಿದಿದ್ದೇನೆ, ಗಫ್ಸಾದ ಫಾಸ್ಫೇಟ್ ಗಣಿಯ ಹಳಿಗಳ ಮೇಲೆ ಹದಿನೇಳು ದಿನ ಅಂಗಾತ ಮಲಗಿ ರೈಲು ನಿಲ್ಲಿಸಿದ್ದೇನೆ. ಇಂಥವನನ್ನು ಅರವತ್ತೆಂಟನೇ ವಯಸ್ಸಿನಲ್ಲಿ ಎಳ್ಳುಕಾಳಿಗಿಂತ ಚಿಕ್ಕದಾದ ಒಂದು ಕರಿ ನೊರಜು ಮನೆಯಿಂದ ಹೊರಗೆ ಹಾಕಿಸಿತು ಎಂದರೆ ನೀವು ನಗುತ್ತೀರಿ. ನಗಿ. ನಮ್ಮ ಕಟ್ಟಡದಲ್ಲಿ ಎಲ್ಲರೂ ನಕ್ಕಾಗಿದೆ.

ಟ್ಯೂನಿಸ್‌ನ ಈ ನಾಲ್ಕು ಮಹಡಿಯ ಕಟ್ಟಡದಲ್ಲಿ ನಮ್ಮದು ಎರಡನೆಯ ಮಹಡಿ. ಬಾಗಿಲಾಚೆ ಮೆಟ್ಟಿಲು ತಿರುಗುವಲ್ಲಿ ಒಂದು ಕಿಟಕಿ, ಅದರ ಕೆಳಗೆ ನನ್ನ ಹನ್ನೊಂದು ಕುಂಡ. ಕುಂಡ ಎಂದದ್ದು ಮರ್ಯಾದೆಗೆ. ಇರುವುದು ಟೊಮೆಟೊ ಡಬ್ಬಿ, ಆಲಿವ್ ಎಣ್ಣೆಯ ತಗಡು, ಒಂದು ಸುಣ್ಣದ ಬಕೀಟು. ಅವುಗಳಲ್ಲಿ ಪುದೀನ, ಕಾಮಕಸ್ತೂರಿ, ಮಲ್ಲಿಗೆ, ಕಾಫಿಗೆ ಘಮ ಕೊಡುವ ಜೆರೇನಿಯಂ. ಕಾರ್ಮಿಕ ಸಂಘ ಒಡೆದು, ಗಣಿಯಿಂದ ನಿವೃತ್ತಿಯಾಗಿ, ನನ್ನ ಭಾಷಣ ಕೇಳುವವರು ಯಾರೂ ಉಳಿಯದ ಮೇಲೆ ನಾನು ಮಾತಾಡುತ್ತ ಬಂದದ್ದು ಇವುಗಳ ಜೊತೆಗೆ. ನಡುವೆ ಎದ್ದುಹೋಗದೆ ಪೂರ್ತಿ ಕೇಳುತ್ತವೆ.

ಜುಲೈ ತಿಂಗಳ ಸೆಕೆಗೆ ಬಾಗಿಲು ತೆರೆದೇ ಇರುತ್ತದೆ. ನೊರಜುಗಳು ಕುಂಡದ ಮಣ್ಣಿನಿಂದೆದ್ದು ಮೆರವಣಿಗೆ ಕಟ್ಟಿಕೊಂಡು ನೇರ ನಮ್ಮ ಅಡುಗೆಮನೆಗೆ ನುಗ್ಗತೊಡಗಿದವು. ಒಂದು ಮಧ್ಯಾಹ್ನ ನನ್ನ ಹೆಂಡತಿ ಮೊಂಜಿಯಾ ಚಹಾದ ಲೋಟವನ್ನು ನನ್ನ ಮೂಗಿನ ಕೆಳಗೆ ಹಿಡಿದಳು.

“ಇದೇನು ತೇಲ್ತಿರೋದು?”

“ಪೈನ್ ಬೀಜ. ನೀನೇ ಹಾಕಿದ್ದು.”

“ಕಾಲು ಎಣಿಸು.”

ಎಣಿಸಿದೆ. ಆರಿದ್ದವು.

“ಸಣ್ಣ ಜೀವ ಕಣೇ, ಹೋಗ್ಲಿ ಬಿಡು.”

“ಎರಡು ವಾರ ಬಿಡ್ತೀನಿ. ಅದಾದ ಭಾನುವಾರ ನನ್ನ ಚಹಾದಲ್ಲಿ ಒಂದೇ ಒಂದು ಬಿದ್ರೂ ನಿನ್ನ ಹನ್ನೊಂದು ಡಬ್ಬಾನೂ ಬೀದಿಗೆ. ನಿನ್ನ ದೆಸೆಯಿಂದ ಎಷ್ಟು ಸಲ ಪೊಲೀಸರು ಮನೆಗೆ ನುಗ್ಗಿದ್ರು, ಸಹಿಸ್ಕೊಂಡೆ. ಅವರು ಚಹಾದಲ್ಲಿ ಬೀಳ್ತಿರ್ಲಿಲ್ಲ.”

ಇವಳು ಬೀದಿಗೆ ಎಂದರೆ ಬೀದಿಗೇ. (ನನ್ನ ಮೀನು ಹಿಡಿಯುವ ಗಾಳಗಳು ಎಲ್ಲಿ ಹೋದವು ಎಂದು ಇಲ್ಲಿ ಬರೆಯುವುದಿಲ್ಲ.) ಅಂದೇ ಕಾರ್ಯಾಚರಣೆಗಿಳಿದೆ. ಬಟ್ಟಲಲ್ಲಿ ವಿನೆಗರ್ ಹಾಕಿ ಸೋಪಿನ ಹನಿ ಬಿಟ್ಟೆ. ಒಂಬತ್ತು ಸತ್ತವು, ಉಳಿದ ಒಂಬತ್ತು ಸಾವಿರ ಶವಸಂಸ್ಕಾರಕ್ಕೆ ಬಂದವು. ಹಳದಿ ರಟ್ಟಿಗೆ ಎಣ್ಣೆ ಬಳಿದು ಕಿಟಕಿಗೆ ತೂಗಿಬಿಟ್ಟೆ. ಅದಕ್ಕೆ ಅಂಟಿಕೊಂಡದ್ದು ಒಂದೇ ಪ್ರಾಣಿ. ಮೂರನೆಯ ಮಹಡಿಯ ನಿವೃತ್ತ ಅಂಚೆಯವನು ಹತ್ತಾಬ್, ಅದೂ ಶುಕ್ರವಾರದ ನಮಾಜಿಗೆ ಬಿಳಿ ನಿಲುವಂಗಿ ತೊಟ್ಟು ಹೊರಟಾಗ.

ಕೊನೆಗೆ ಸಂತೆಯಲ್ಲಿ ಸಸಿ ಮಾರುವವನನ್ನು ಕೇಳಿದೆ. ಅವನು ನಾನು ತಂದಿದ್ದ ಡಬ್ಬಿಯೊಳಗೆ ಬೆರಳು ಚುಚ್ಚಿ ನಕ್ಕ.

“ಚಿಕ್ಕಪ್ಪ, ಇದು ಮಣ್ಣಲ್ಲ, ಸಾರು. ಹುಳ ಇರೋದೇ ಮೇಲಿನ ಹಸಿಯಲ್ಲಿ. ಎರಡು ಗೆಣ್ಣು ಆಳ ಒಣಗೋ ತನಕ ಒಂದು ಹನಿ ನೀರು ಕೊಡ್ಬೇಡಿ. ಗಿಡ ಅಳತ್ತೆ, ಆದ್ರೆ ಸಾಯಲ್ಲ. ಹುಳ ಸಾಯತ್ತೆ.”

ಇಷ್ಟು ಸರಳ. ನೀರು ಬಂದ್. ಮೂರನೆಯ ದಿನ ಎಲೆಗಳು ಜೋತುಬಿದ್ದವು, ಆದರೂ ಗಟ್ಟಿಯಾಗಿ ನಿಂತೆ. ನಾಲ್ಕನೆಯ ಬೆಳಗ್ಗೆ ನೋಡುತ್ತೇನೆ, ಪುದೀನ ಪೆರೇಡಿಗೆ ನಿಂತ ಸಿಪಾಯಿಯ ಹಾಗೆ ಸೆಟೆದು ನಿಂತಿದೆ. ಬೆರಳು ಚುಚ್ಚಿದರೆ ಕೆಸರು. ಅನುಭವಸ್ಥನಾದ್ದರಿಂದ ಮೊದಲು ಮನೆಯವಳನ್ನೇ ಹಿಡಿದೆ.

“ನಾನ್ಯಾಕೆ ಹಾಕ್ಲಿ?” ಎಂದಳು. “ಅವು ಸತ್ರೆ ನನಗೇ ಲಾಭ.”

ವಾದದಲ್ಲಿ ಹುರುಳಿತ್ತು. ಕೆಂಪು ಬಣ್ಣದಲ್ಲಿ ‘ಯಾರೂ ನೀರು ಹಾಕಕೂಡದು’ ಎಂದು ಬರೆದು ಕಿಟಕಿಗೆ ಅಂಟಿಸಿ, ಮರುದಿನ ಬೆಳಗ್ಗೆ ಬಾಗಿಲ ಸಂದಿಯಲ್ಲಿ ಕಾದು ನಿಂತೆ. ನಾಲ್ಕನೆಯ ಮಹಡಿಯ ಝಾಝಿಯಾ ಚಿಕ್ಕಮ್ಮ ರೊಟ್ಟಿ ತರಲು ಇಳಿದು ಬಂದರು. ಎಪ್ಪತ್ತಾರು ವರ್ಷ, ಎರಡು ಕೆಟ್ಟ ಮಂಡಿ. ಕುಂಡದ ಮುಂದೆ ನಿಂತು, ಚೀಲದಿಂದ ಬಾಟಲಿ ತೆಗೆದು, ‘ನನ್ನ ಬಶೀರನಿಗೆ ಸೇರಲಿ’ ಎನ್ನುತ್ತ ಸುರಿದರು. ನಾನು ಹೊರಗೆ ಹಾರಿದೆ.

“ಚಿಕ್ಕಮ್ಮ, ಆ ಬೋರ್ಡು ಕಾಣ್ಸಲ್ವಾ?”

“ಕಾಣತ್ತೆ. ಓದಕ್ಕೆ ಬರಲ್ಲ ಮಗ.”

“ನೀರು ಹಾಕ್ಬೇಡಿ ಅಂತ ಬರ್ದಿದೆ.”

“ಓದು ಕಲಿತೋರು ಇಂಥದ್ದೆಲ್ಲ ಬರೀತಾರಾ? ಬಾಯಾರಿದ ಜೀವಕ್ಕೆ ನೀರು ಕೊಟ್ರೆ ಸತ್ತೋರಿಗೆ ಪುಣ್ಯ ಸೇರತ್ತೆ. ನಮ್ಮ ಯಜಮಾನ ಬಶೀರನ ಹೆಸರಲ್ಲಿ ಒಂದು ಬಾಟ್ಲಿ ಹಾಕ್ತೀನಿ. ನಿಮ್ಮಮ್ಮನ ಹೆಸರಲ್ಲೂ ಅರ್ಧ ಹಾಕಿದೀನಿ, ಆ ಬಕೀಟಿಗೆ. ವಾಪಸ್ ತೆಗೀಲಾ?”

ಇದಕ್ಕೆ ಉತ್ತರ ಹೇಳುವ ಗಂಡಸು ಉತ್ತರ ಆಫ್ರಿಕದಲ್ಲಿ ಇನ್ನೂ ಹುಟ್ಟಿಲ್ಲ. ಮೇಲಕ್ಕೆ ಹೋಗಿ ಹತ್ತಾಬ್‌ನನ್ನು ಕೇಳಿದೆ. ಮೂವತ್ತು ವರ್ಷ ಕಾಗದ ಹಂಚಿದವನು, ಅವನಿಗಾದರೂ ಓದಲು ಬರುತ್ತದಲ್ಲ.

“ಓದ್ದೆ,” ಎಂದ. “ಆಮೇಲೆ ಪುದೀನದ ಮುಖ ನೋಡ್ದೆ.”

ವಿಚಾರಿಸುತ್ತ ಹೋದ ಹಾಗೆ ತಿಳಿದದ್ದು ಇಷ್ಟು: ಕಟ್ಟಡದ ಪ್ರತಿ ಮನೆಯವರೂ ತಮ್ಮ ತಮ್ಮ ಸತ್ತವರಿಗಾಗಿ ನನ್ನ ಡಬ್ಬಿಗಳಿಗೆ ನೀರು ಹುಯ್ಯುತ್ತಿದ್ದಾರೆ. ಹನ್ನೊಂದು ಕುಂಡ, ಹತ್ತೊಂಬತ್ತು ಪಿತೃಗಳು. ಒಣಗುವುದು ಎಲ್ಲಿಂದ ಬಂತು?

ಸರಿ, ನನಗೆ ಗೊತ್ತಿರುವ ದಾರಿ ಒಂದೇ. ಮೆಟ್ಟಿಲ ಮೇಲೆ ಮಹಾಸಭೆ ಕರೆದೆ. ಮರಿಹುಳುವಿನ ಜೀವನಚರಿತ್ರೆಯನ್ನು ಹುಟ್ಟಿನಿಂದ ರೆಕ್ಕೆ ಬರುವ ತನಕ ನಲವತ್ತು ನಿಮಿಷ ವಿವರಿಸಿದೆ. ಹತ್ತಾಬ್ ಎದ್ದು ನಿಂತು ನನ್ನನ್ನು ಹೆಸರು ಹಿಡಿದು ಕರೆದ.

“ಮೂಲ್ದಿ, ಹೋದ ಬೇಸಿಗೇಲಿ ನೀರಿನ ಇಲಾಖೆಯವ್ರು ಕಟ್ಟಡಕ್ಕೆ ಮೂರು ವಾರ ನೀರು ನಿಲ್ಸಿದಾಗ ಇದೇ ಮೆಟ್ಲ ಮೇಲೆ ನೀನೇನಂದೆ? ನೀರು ನಿಲ್ಸೋನು ಯಾರೇ ಆಗ್ಲಿ, ಅವನು ಜನದ್ರೋಹಿ ಅಂದೆ.”

“ಅದು ಮನುಷ್ಯರ ವಿಷಯ.”

“ಆವತ್ತು ಹಂಗೆ ಬಿಡಿಸಿ ಹೇಳ್ಲಿಲ್ಲ.”

ಕೈ ಎತ್ತಿಸಿದಾಗ ನನ್ನ ಪರವಾಗಿ ಒಂದೇ ಕೈ ಇತ್ತು, ಅದೂ ನನ್ನದೇ. ಆಮೇಲೆ ಎಲ್ಲರೂ ಖಾಲಿ ಬಕೀಟು ಬಡಿಯತೊಡಗಿದರು. ಆ ನೀರಿನ ಹೋರಾಟದಲ್ಲಿ ಹೀಗೆ ಬಡಿಯುವುದನ್ನು ಕಲಿಸಿದವನು ನಾನು. (ಮೂರನೆಯ ಪೆಟ್ಟನ್ನು ಇನ್ನೂ ತಪ್ಪು ಹೊಡೆಯುತ್ತಾರೆ. ತಿದ್ದೋಣವೆನಿಸಿತು, ಸಂದರ್ಭ ಸರಿಯಿರಲಿಲ್ಲ.)

ಬಹುಮತಕ್ಕೆ ತಲೆಬಾಗಬೇಕೆಂದು ಜೀವಮಾನವಿಡೀ ಸಾರಿದವನು ನಾನು. ಈ ಸಲ ಬಾಗಲಿಲ್ಲ. ಮರುದಿನದಿಂದ ಕುಂಡಗಳ ಮುಂದೆ ಸ್ಟೂಲು ಹಾಕಿ ಧರಣಿ ಕೂತೆ. ನನ್ನ ಹೆಣ ದಾಟಿ ನೀರು ಹಾಕಿ ಎಂದೆ. ದಾಟಲಿಲ್ಲ. ಮೇಲಿನ ಮಹಡಿಯ ಕಟಾಂಜನದಿಂದ ಕೆಳಕ್ಕೆ ಸುರಿದರು.

“ನೆನೆದ್ಯಾ ಮಗ?” ಮೇಲಿಂದ ಝಾಝಿಯಾ ಚಿಕ್ಕಮ್ಮ ಕೇಳಿದರು. “ಸ್ವಲ್ಪ ಎಡಕ್ಕೆ ಸರಿ, ಕಾಮಕಸ್ತೂರಿಗೆ ಬೀಳ್ತಿಲ್ಲ.”

ಭಾನುವಾರ ಬಂತು. ಮೊಂಜಿಯಾ ಚಹಾ ಸೋಸಿ, ಲೋಟಕ್ಕೆ ಬಗ್ಗಿಸಿ, ಎರಡೂ ಕೈ ಕಟ್ಟಿಕೊಂಡು ಕಾದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಹೆಚ್ಚು ಹೊತ್ತು ಕಾಯಿಸಲಿಲ್ಲ. ಒಂದಲ್ಲ, ಮೂರು ಬಿದ್ದವು.

ಅವಳು ಹೊರಬಂದು ಮಲ್ಲಿಗೆಯ ತಗಡನ್ನು ಎತ್ತಿಕೊಂಡಳು. ನಾನು ಇನ್ನೊಂದು ಕಡೆಯಿಂದ ಹಿಡಿದುಕೊಂಡೆ. ಗದ್ದಲಕ್ಕೆ ಬಾಗಿಲುಗಳು ತೆರೆದವು. ಕ್ಷಣದಲ್ಲಿ ಮೆಟ್ಟಿಲ ತುಂಬ ಜನ. ಝಾಝಿಯಾ ಚಿಕ್ಕಮ್ಮ ಕೆಟ್ಟ ಮಂಡಿಗಳನ್ನು ಮಡಿಸಿ ದಾರಿಗೆ ಅಡ್ಡ ಕೂತೇಬಿಟ್ಟರು.

“ಇದನ್ನ ಬೀದಿಗೆ ಹಾಕೋದಾದ್ರೆ ನನ್ನೂ ಹಾಕಮ್ಮ.”

ಮದುವೆಯಾಗಿ ನಲವತ್ತು ವರ್ಷದಲ್ಲಿ ನನಗೆ ಒಂದಿಂಚು ಜಾಗ ಬಿಡದವಳು ಜನಶಕ್ತಿಯೆದುರು ಒಂದೇ ನಿಮಿಷದಲ್ಲಿ ತಗಡು ಕೆಳಗಿಟ್ಟಳು. ನನ್ನ ಕಣ್ಣು ತುಂಬಿ ಬಂದದ್ದು ನಿಜ. ಬಂದಷ್ಟೇ ಬೇಗ ಆರಿತು, ಏಕೆಂದರೆ ಮಾತುಕತೆ ಶುರುವಾಯಿತು.

“ಕುಂಡ ಉಳೀಬೇಕು, ನೀರೂ ಬೀಳ್ಬೇಕು. ಅದು ನಮ್ಮ ಬೇಡಿಕೆ,” ಎಂದ ಹತ್ತಾಬ್. “ನಿಮ್ದೇನಕ್ಕ?”

“ನನ್ನ ಅಡುಗೆಮನೇಲಿ ಹುಳ ಬರ್ಕೂಡದು.”

“ಹಂಗಾದ್ರೆ ಬಾಗಿಲು ಹಾಕ್ಕೊಂಡಿರಿ. ಗಾಳಿಗೆ ಹಿಂದಿನ ಕಿಟಕಿ ಇದೆಯಲ್ಲ.”

“ಹಾಕ್ಕೊಂಡಿರಕ್ಕೆ ಇವ್ನು ಬಿಟ್ರೆ ತಾನೆ. ಗಿಡ ನೋಡ್ತೀನಿ ಅಂತ ದಿನಕ್ಕೆ ನಲವತ್ತು ಸಲ ತೆಗೀತಾನೆ.”

ಎಲ್ಲರೂ ನನ್ನ ಕಡೆ ತಿರುಗಿದರು.

“ಅಂದ್ರೆ ಹಗಲು ಹೊತ್ತು ಇವ್ನು ಒಳಗಿರ್ಬೇಕು, ಇಲ್ಲಾ ಹೊರಗಿರ್ಬೇಕು,” ಎಂದ ಹತ್ತಾಬ್.

“ಹೊರಗೆ,” ಎಂದಳು ಮೊಂಜಿಯಾ. ಯೋಚಿಸುವ ಶಾಸ್ತ್ರವನ್ನೂ ಮಾಡಲಿಲ್ಲ.

ನನ್ನನ್ನು ಕೇಳದೆ ನನ್ನ ವಿಷಯದಲ್ಲಿ ಒಪ್ಪಂದ ಹೇಗಾಗುತ್ತದೆ ಎಂದು ನಾನು ಕೂಗಾಡಿದೆ.

“ನೀನು ಯಾವ ಪಕ್ಷ?” ಹತ್ತಾಬ್ ಕೇಳಿದ.

ಯೋಚಿಸಿ ನೋಡಿದೆ. ಕುಂಡ ಉಳಿಸುವ ಪಕ್ಷದವರು ಗೆದ್ದಿದ್ದರು, ಹುಳ ಬೇಡವೆಂಬ ಪಕ್ಷದವಳೂ ಗೆದ್ದಿದ್ದಳು. ಎರಡೂ ನನ್ನವೇ ಆಗಬೇಕಿತ್ತು, ಒಂದರಲ್ಲೂ ನಾನಿರಲಿಲ್ಲ. ಚಪ್ಪಾಳೆ ಹೊಡೆದು ಸಭೆ ಮುಗಿಸಿದರು.

ಈಗ ಬೆಳಗಿನ ತಿಂಡಿಯಿಂದ ಸೂರ್ಯ ಮುಳುಗುವ ತನಕ ನನ್ನ ವಾಸ ಮೆಟ್ಟಿಲ ತಿರುವಿನ ಸ್ಟೂಲಿನ ಮೇಲೆ. ಮಧ್ಯಾಹ್ನದ ಊಟ ಬಾಗಿಲ ಸಂದಿಯಿಂದ ತಟ್ಟೆಯಲ್ಲಿ ಜಾರಿ ಬರುತ್ತದೆ, ಬಾಗಿಲು ತಟಕ್ಕನೆ ಮುಚ್ಚುತ್ತದೆ. ನೊರಜುಗಳು ಕಿವಿಯೊಳಗೆ ಸಂಸಾರ ಹೂಡಿವೆ. ಇವತ್ತು ಝಾಝಿಯಾ ಚಿಕ್ಕಮ್ಮ ಬಂದು ಹನ್ನೊಂದಕ್ಕೂ ಒಂದೊಂದಾಗಿ ನೀರು ಹಾಕಿ, ಸಾಲಿನ ಕೊನೆಯಲ್ಲಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ನೀನೂ ಬಾಡಿದೀಯ,” ಎಂದು ಬಾಟಲಿಯಲ್ಲಿ ಮಿಕ್ಕಿದ್ದನ್ನು ನನ್ನ ಕೈಗೆ ಕೊಟ್ಟರು. “ಕುಡಿ. ಆದ್ರೆ ಇದನ್ನ ಯಾರ ಹೆಸರಿಗೂ ಹಾಕಲ್ಲ. ನಿನಗೆ ಕೊಟ್ಟಿದ್ದಕ್ಕೆ ಪುಣ್ಯ ಬರತ್ತೋ ಇಲ್ವೋ ಇಮಾಮರನ್ನ ಕೇಳ್ಬೇಕು.”

ಸಿಟ್ಟು ನೆತ್ತಿಗೇರಿತು. ಆದರೂ ಕುಡಿದೆ. ಬಾಯಾರಿತ್ತು, ಸುಳ್ಳು ಯಾಕೆ ಹೇಳಲಿ.